ಬಿಳಿ ವೈರಿನ ಇಯರ್‌ಫೋನ್

ನಮ್ಮ ಮನೆಯಲ್ಲಿ ಇರುವುದು ಇಬ್ಬರು, ನಾನು ಮತ್ತು ದೊಡ್ಡಮ್ಮ. ಮಾತಾಡುವುದು ಮಾತ್ರ ಒಬ್ಬಳೇ. ಪ್ರೈಮರಿ ಶಾಲೆಯಲ್ಲಿ ಟೀಚರಾಗಿದ್ದು ರಿಟೈರಾದವಳು, ಶಾಲೆ ಬಿಟ್ಟರೂ ಪಾಠ ಬಿಟ್ಟವಳಲ್ಲ. ಸಂಜೆ ನಾನು ಭದ್ರಾವತಿಯ ಆಫೀಸಿನಿಂದ ಬಂದು ಶಿವಮೊಗ್ಗದಲ್ಲಿ ಬಸ್ಸಿಳಿದು ಹೊಸಮನೆಯ ನಮ್ಮ ಮನೆ ಮುಟ್ಟಿ ಚಪ್ಪಲಿ ಬಿಡುವಷ್ಟರಲ್ಲಿ ಶುರುವಾಗುತ್ತದೆ. ಎದುರುಮನೆಯವರ ಕೆಟ್ಟುಹೋದ ಮೋಟರು, ಕೋಟೆ ದೇವಸ್ಥಾನದಲ್ಲಿ ಸಿಕ್ಕ ಹಳೇ ವಿದ್ಯಾರ್ಥಿನಿ, ಅವಳ ಸೊಸೆ, ಆ ಸೊಸೆಯ ತಂಗಿಯನ್ನು ನನಗೆ ಕೇಳಬಹುದೇ ಅನ್ನುವ ಯೋಚನೆ, ಎಲ್ಲವೂ ಒಂದೇ ಉಸಿರಿನಲ್ಲಿ. ನನ್ನ ಕೆಲಸ ಕಾಫಿ ಕುಡಿಯುತ್ತಾ ಹೂಂ ಅನ್ನುವುದು. ಅಪ್ಪನಿಗೆ ಊರಿಂದೂರಿಗೆ ವರ್ಗವಾಗುತ್ತಿದ್ದ ಕಾಲದಲ್ಲಿ ಓದಲೆಂದು ಇವಳ ಹತ್ತಿರ ಬಂದವನು ಇಲ್ಲೇ ಉಳಿದುಬಿಟ್ಟೆ. ಅವತ್ತಿನಿಂದಲೂ ಹೀಗೇ.

ಇಂಥ ಮನೆಯಲ್ಲಿದ್ದುಕೊಂಡು ನನಗೆ ಇಯರ್‌ಫೋನಿನ ಆಸೆ ಹುಟ್ಟಿತು. ಕಿವಿಯೊಳಗೇ ಕೂರುತ್ತದಲ್ಲ, ಆ ಜಾತಿಯದು. ಆಸೆ ಹುಟ್ಟಿಸಿದವನು ನಮ್ಮ ಆಫೀಸಿನ ಗೆಳೆಯ. ಪೇಪರ್ ಟೌನ್ ಕಡೆಯವನು, ಮನೆಮಾತು ತಮಿಳು, ಹಾಡಿನ ಹುಚ್ಚ. ಒಂದು ಮಧ್ಯಾಹ್ನ ಊಟ ಮುಗಿದ ಮೇಲೆ ತನ್ನದನ್ನು ಅಂಗಿಯ ತುದಿಯಿಂದ ಒರೆಸಿ ನನ್ನ ಕಡೆ ಚಾಚಿದ. ಇನ್ನೊಬ್ಬರ ಕಿವಿಯ ಗುಗ್ಗೆ ನೆನೆದು ನನಗೆ ಒಂದು ಗಳಿಗೆ ಹಿಂಜರಿಕೆಯಾದದ್ದು ನಿಜ. ಹಾಕಿಕೊಂಡೆ. ಕೊಳಲು ನುಡಿಸುವವನು ಉಸಿರು ಎಳೆದುಕೊಂಡದ್ದು ಕೇಳಿಸಿತು! ಇಷ್ಟು ವರ್ಷ ಫೋನಿನ ಸ್ಪೀಕರಿನಲ್ಲಿ ಕೇಳಿದ್ದು ಸಂಗೀತವೇ ಅಲ್ಲ ಅನಿಸಿ, ಮೋಸಹೋದವನ ಹಾಗೆ ಕೂತುಬಿಟ್ಟೆ.

ಆದರೂ ಎಷ್ಟೋ ತಿಂಗಳು ಕೊಳ್ಳಲಿಲ್ಲ. ನಾನು ಕಿವಿ ಮುಚ್ಚಿಕೊಂಡರೆ ದೊಡ್ಡಮ್ಮ ಮಾತಾಡುವುದು ಯಾರ ಹತ್ತಿರ? ಗೋಡೆಯ ಹತ್ತಿರವೇ? ಇದೊಂದು ಪ್ರಶ್ನೆ ನನ್ನನ್ನು ಅಂಗಡಿಯ ಮೆಟ್ಟಿಲಿನಿಂದ ವಾಪಸ್ ಕಳಿಸುತ್ತಿತ್ತು. ಅವಳ ಮಾತು ನನಗೆ ಬೇಸರ ತರಿಸುತ್ತಿರಲಿಲ್ಲ ಅಂತ ಸುಳ್ಳು ಹೇಳಲಾರೆ. ಆದರೆ ಅದು ನಿಂತುಹೋದ ಮನೆಯನ್ನು ಊಹಿಸಲೂ ನನ್ನಿಂದ ಆಗುತ್ತಿರಲಿಲ್ಲ. ಕೊನೆಗೆ ಬಸ್ಸಿನಲ್ಲಿ ಮಾತ್ರ ಹಾಕಿಕೊಳ್ಳುವುದು ಅಂತ ನನಗೆ ನಾನೇ ಆಣೆ ಇಟ್ಟುಕೊಂಡು ಹೊರಟೆ.

ಮೊದಲು ಶಿವಮೊಗ್ಗದ ಅಂಗಡಿಗಳನ್ನು ಸುತ್ತಿದೆ. ಎಲ್ಲರೂ ವೈರಿಲ್ಲದ್ದನ್ನೇ ತೋರಿಸಿದರು. ನಾನು ಹೇಳಿದ ಬಜೆಟ್ ಕೇಳಿ, ತೋರಿಸಿದ್ದನ್ನು ಅಷ್ಟೇ ಬೇಗ ಒಳಗೂ ಇಟ್ಟರು. ಗೆಳೆಯ ತಲೆ ಚಚ್ಚಿಕೊಂಡ.

"ನಿನ್ನ ದುಡ್ಡಿಗೆ ವೈರಿಲ್ಲದ್ದು ತಗೊಂಡ್ರೆ ಬ್ಯಾಟ್ರಿಗೇ ಅರ್ಧ ದುಡ್ಡು ಹೋಗುತ್ತೆ ಮಾರಾಯ. ವೈರಿಂದು ತಗೋ, ಅಷ್ಟೂ ದುಡ್ಡಿಗೆ ಸೌಂಡೇ ಬರುತ್ತೆ."

ಅವನೇ ಭದ್ರಾವತಿಯ ಓಲ್ಡ್ ಟೌನಿನ ಒಂದು ಅಂಗಡಿಗೆ ಕರೆದುಕೊಂಡು ಹೋದ. ಅಂಗಡಿಯವರು ವಯಸ್ಸಾದ ಸಾಬರು, ಅವಸರವೇ ಇಲ್ಲದ ಮನುಷ್ಯ. "ನೋಡಿ ಸಾರ್, ಪಸಂದಾಗಿ ನೋಡಿ. ಆದ್ರೆ ಮನೆಗೆ ತಗೊಂಡ್ ಹೋಗಿ ಕಿವಿಗೆ ಹಾಕಿದ್ ಮಾಲು ವಾಪಸ್ ಇಲ್ಲ," ಎಂದು ಕೈಮುಗಿದರು. ಹೆಣ್ಣು ನೋಡಲು ಹೋದಾಗಲೂ ನಾನು ಇಷ್ಟು ಬೆವರಿರಲಿಲ್ಲ. ಒಂದರಲ್ಲಿ ಬರೀ ಡಬಡಬ. ಗೆಳೆಯನಿಗೆ ಅದೇ ಇಷ್ಟವಾಯಿತು, ನನಗೆ ತಲೆಯೊಳಗೆ ಅಕ್ಕಿ ಗಿರಣಿ ಇಟ್ಟಂತಾಯಿತು. ಇನ್ನೊಂದರಲ್ಲಿ ಹಾಡುವವರು ಡಬ್ಬದೊಳಗಿಂದ ಹಾಡಿದರು. ಮೂರನೆಯದರಲ್ಲಿ ಕೊಳಲು ಬಂತು, ಉಸಿರೂ ಬಂತು. ಇದೇ ಅಂದೆ. ಅದರ ವೈರನ್ನು ಕಿವಿಯ ಮೇಲಿಂದ ಹಿಂದಕ್ಕೆ ಸುತ್ತಿ ಹಾಕಬೇಕು, ಆಗ ಜಾರುವುದಿಲ್ಲ. ಕಪ್ಪು ಖಾಲಿಯಾಗಿತ್ತು, ಉಳಿದಿದ್ದು ಬಿಳಿಯದು.

ಕಿವಿಗೆ ಹೊಂದುವ ರಬ್ಬರು ಆರಿಸುವಾಗ ಇನ್ನೊಂದು ಸತ್ಯ ಹೊರಬಿತ್ತು. ನನ್ನ ಎಡಗಿವಿಗೆ ಚಿಕ್ಕ ಸೈಜು ಸಾಕು, ಬಲಗಿವಿಗೆ ದೊಡ್ಡದೇ ಬೇಕು. ಚಿಕ್ಕಂದಿನಲ್ಲಿ ಲೆಕ್ಕ ತಪ್ಪಿದಾಗಲೆಲ್ಲ ದೊಡ್ಡಮ್ಮ ಹಿಂಡುತ್ತಿದ್ದದ್ದು ಬಲಗಿವಿಯನ್ನೇ. ಗೆಳೆಯ ನಕ್ಕಿದ್ದು ನೋಡಿ ಸಾಬರೂ ನಕ್ಕರು.

ಬಸ್ಸಿನಲ್ಲಿ ಮಾತ್ರ ಅನ್ನುವ ಆಣೆ ಮೊದಲ ಸಂಜೆಯೇ ಮುರಿಯಿತು. ಹಾಡು ಅರ್ಧದಲ್ಲಿತ್ತು, ಹಾಗೇ ಮನೆಯೊಳಗೆ ಬಂದೆ. ಅಂಗಿ ಕಳಚಿ, ಪಂಚೆ ಉಟ್ಟು, ಬನಿಯನ್ ಒಳಗಿಂದ ವೈರು ಹಾಯಿಸಿಕೊಂಡು ಜಗಲಿಯಲ್ಲಿ ಕೂತೆ. ದೊಡ್ಡಮ್ಮ ಅಡಿಗೆಮನೆಯಿಂದ ಬಾಯಿ ತೆರೆದುಕೊಂಡೇ ಬಂದಳು, ನನ್ನನ್ನು ನೋಡಿದಳು, ಬಾಯಿ ಮುಚ್ಚಿಕೊಂಡು ಒಳಗೆ ಹೋದಳು. ಮರುದಿನವೂ ಹಾಗೇ. ಅದರ ಮರುದಿನವೂ. ನಾನು ಹೆದರಿದ್ದು ಆಗಿಯೇ ಹೋಯಿತು, ಅವಳಿಗೆ ಸಿಟ್ಟು ಬಂದಿದೆ ಅಂದುಕೊಂಡೆ. ಸಿಟ್ಟಿಗೆ ಸಾಕ್ಷಿಯೂ ತಟ್ಟೆಯಲ್ಲೇ ಬರುತ್ತಿತ್ತು. ಬೆಳಿಗ್ಗೆ ದೋಸೆ ಇಲ್ಲ, ಗಂಜಿ. ರಾತ್ರಿ ಹುಳಿ ಇಲ್ಲ, ದಾಳಿಂಬೆ ಸಿಪ್ಪೆಯ ತಂಬುಳಿ. ಕೇಳಿದರೆ, "ಸುಮ್ನೆ ತಿನ್ನು, ಒಳ್ಳೇದು," ಅಷ್ಟೇ. ಇಷ್ಟು ಚಿಕ್ಕ ತಪ್ಪಿಗೆ ಇಷ್ಟು ದೊಡ್ಡ ಶಿಕ್ಷೆಯೇ ಎಂದು ನನಗೂ ಸಿಟ್ಟು ಬಂತು. ಸಿಟ್ಟಿಗಿಂತ ಹೆಚ್ಚಾಗಿ ದುಃಖ. ಕೊಳಲಿನವನ ಉಸಿರು ಕೇಳುತ್ತಿತ್ತು, ಮನೆಯಲ್ಲಿ ಮಾತ್ರ ಏನೂ ಕೇಳುತ್ತಿರಲಿಲ್ಲ.

ಒಂದು ಮಂಗಳವಾರ ಸಂಜೆ ಇಯರ್‌ಫೋನ್ ತೆಗೆದಿಟ್ಟು ಕೈಕಾಲು ತೊಳೆದು ಬಂದಾಗ ದೊಡ್ಡಮ್ಮ ಎದುರು ಬಂದು ಕೂತಳು. ಮುಖದಲ್ಲಿ ಆತಂಕವಿತ್ತು.

"ಇವತ್ತು ಎಷ್ಟು ಸಲ ಆಯ್ತೋ?"

ಹಾಡಿನ ವಿಷಯ ಕೇಳುತ್ತಿದ್ದಾಳೆ ಅಂದುಕೊಂಡೆ. "ಬೆಳಿಗ್ಗೆ ಹೋಗ್ತಾ ಬಸ್ಸಲ್ಲಿ, ಸಂಜೆ ಬರ್ತಾ ಬಸ್ಸಲ್ಲಿ. ಮತ್ತೆ ಈಗ ಮನೇಲಿ."

"ಬಸ್ಸಲ್ಲಾ!" ದೊಡ್ಡಮ್ಮ ಎದೆಯ ಮೇಲೆ ಕೈ ಇಟ್ಟುಕೊಂಡಳು.

"ಎಲ್ರೂ ಬಸ್ಸಲ್ಲೇ ದೊಡ್ಡಮ್ಮ. ಕಂಡಕ್ಟ್ರೂ ಏನೂ ಅನ್ನಲ್ಲ."

"ಅಯ್ಯೋ ರಾಮ! ನಾಳೆ ರಜ ಹಾಕು, ಡಾಕ್ಟ್ರ ಹತ್ರ ಹೋಗಣ. ಯಾವಾಗ ನೋಡಿದ್ರೂ ಕಿವಿ ಮೇಲೆ ಜನಿವಾರ. ಹೊಟ್ಟೆ ಇಷ್ಟು ಕೆಟ್ಟಿದ್ರೂ ಬಾಯಿ ಬಿಡಲ್ವಲ್ಲೋ ನೀನು!"

ಆಗ ನನಗೆ ಬೆಳಕಾಯಿತು. ನಮ್ಮಲ್ಲಿ ಗಂಡಸರು ಪಾಯಿಖಾನೆಗೆ ಹೋಗುವಾಗ ಜನಿವಾರವನ್ನು ಬಲಗಿವಿಗೆ ಸುತ್ತಿಕೊಳ್ಳುತ್ತಾರೆ. ಕಿವಿಯ ಮೇಲೆ ದಾರ ಇರುವಷ್ಟು ಹೊತ್ತು ಅವರು ಮಾತಾಡುವಂತಿಲ್ಲ, ಅವರನ್ನು ಯಾರೂ ಮಾತಾಡಿಸುವಂತೆಯೂ ಇಲ್ಲ. ಮನೆಯಲ್ಲಿ ಕನ್ನಡಕ ಹಾಕದ ದೊಡ್ಡಮ್ಮ, ಬನಿಯನ್ ಒಳಗಿಂದ ಎದ್ದು ಕಿವಿ ಸುತ್ತಿದ ಬಿಳಿ ವೈರು ಕಂಡು ನನಗೆ ಭೇದಿ ಅಂತ ತೀರ್ಮಾನಿಸಿದ್ದಳು. ಗಂಜಿ, ತಂಬುಳಿ ಎಲ್ಲ ಅದಕ್ಕೇ. ನಾನು ಒಳಗೆ ಓಡಿ ಇಯರ್‌ಫೋನ್ ತಂದು ಕಿವಿಗೆ ಸುತ್ತಿ ತೋರಿಸಿದೆ. ಅವಳು ವೈರನ್ನು ಬೆರಳಲ್ಲಿ ಹಿಡಿದು, ಎಳೆದು, ಮೂಸಿ ನೋಡಿದಳು. ಆಮೇಲೆ ನಕ್ಕಳು ನೋಡಿ! ಸೆರಗು ಬಾಯಿಗೊತ್ತಿಕೊಂಡರೂ ತಡೆಯಲಾಗದೆ, "ಕಂಡಕ್ಟ್ರು ಏನೂ ಅನ್ನಲ್ವಂತೆ," ಎಂದು ಮತ್ತೆ ಮತ್ತೆ ನಕ್ಕು ಕಣ್ಣೊರೆಸಿಕೊಂಡಳು. ನನಗೂ ನಕ್ಕು ನಕ್ಕು ಪಕ್ಕೆ ನೋವು ಬಂತು.

ನಗು ಇಳಿದ ಮೇಲೆ ನಾನು, "ಇನ್ನು ಮನೇಲಿ ಹಾಕಲ್ಲ. ನಿಂಗೆ ಮಾತಾಡಕ್ಕೆ ಯಾರೂ ಇಲ್ದಂಗಾಗುತ್ತೆ," ಎಂದೆ.

"ನಂಗಾ?" ದೊಡ್ಡಮ್ಮ ನಿಜವಾಗಿಯೂ ಆಶ್ಚರ್ಯಪಟ್ಟಳು. "ನಂಗೆ ಎಷ್ಟು ಹಾಯಾಗಿತ್ತು ಗೊತ್ತಾ, ಬಾಯಿಗೆ ರಜ ಸಿಕ್ಕಿತ್ತು. ಆಗೆಲ್ಲ ಶಾಲೇಲಿ ದಿನವಿಡೀ ಕೂಗಿ ಬಂದವಳಿಗೆ ಮನೇಲೂ ಮಾತಾಡೋ ಆಸೆ ಇರ್ತಿತ್ತೇನೋ? ನೀನು ಹೊಸದಾಗಿ ಬಂದಾಗ ಮನೆ ಸ್ವಲ್ಪ ನಿಶ್ಶಬ್ದ ಆದ್ರೂ ಅಮ್ಮ ಬೇಕು ಅಂತ ಅಳ್ತಿದ್ದೆ. ನಾನು ಏನಾದ್ರೂ ಮಾತಾಡ್ತಿದ್ರೆ ಸುಮ್ನಿರ್ತಿದ್ದೆ. ಹಂಗೆ ಶುರು ಮಾಡಿದ್ದು. ಇನ್ನು ಸಾಕು ಅಂತ ನೀನು ಹೇಳ್ಲೇ ಇಲ್ವಲ್ಲ ಮಾರಾಯ."

ಅಳು ಬರುವ ಹಾಗಿತ್ತು, ಆದರೆ ಅಷ್ಟು ಖುಷಿ ನನಗೆ ಯಾವತ್ತೂ ಆಗಿರಲಿಲ್ಲ. ಇಷ್ಟು ವರ್ಷ ನಾನೇ ಅವಳ ಮಾತು ಕೇಳಿ ಉಪಕಾರ ಮಾಡುತ್ತಿದ್ದೇನೆ ಅಂದುಕೊಂಡಿದ್ದೆ!

"ನಿಲ್ಲಿಸ್ಬೇಡ," ಅಂದೆ.

ಅವಳು ಟೀಚರ ಮುಖ ಮಾಡಿಕೊಂಡು ಯೋಚಿಸಿದಳು. "ದಿನಾ ಆಗಲ್ಲಪ್ಪ, ನಂಗೂ ವಯಸ್ಸಾಯ್ತು. ಸೋಮವಾರ, ಗುರುವಾರ ನಂಗೆ ರಜ. ಅವತ್ತು ನೀನು ಹಾಡು ಕೇಳ್ಕೋ." ಆಮೇಲೆ ಕಾಲು ಮಡಚಿ ಗೋಡೆಗೆ ಒರಗಿದಳು. "ಇವತ್ತು ಮಂಗಳವಾರ ಅಲ್ವಾ? ಕೂತ್ಕೋ."

ಕೂತೆ.