ಗಡಿಗೆಯಲ್ಲಿ ಉಳಿದ ಅರ್ಧ ಬೆಲ್ಲ

ನಾನು ಚಿಕ್ಕವಳಿದ್ದಾಗ ನಮ್ಮ ಮನೆ ಸಂತೆಕಲ್ಲೂರಿನ ಅಂಚಿನಲ್ಲಿತ್ತು. ಊರಿನಲ್ಲಿ ಕ್ರೈಸ್ತರ ಮನೆಗಳು ನಾಲ್ಕೇ ನಾಲ್ಕು. ನಮಗೊಂದು ಪ್ರಾರ್ಥನಾ ಮನೆ ಇತ್ತು, ಮಣ್ಣಿನ ಗೋಡೆ, ಒಂದೇ ಕಿಟಕಿ. ಭಾನುವಾರ ಬೆಳಿಗ್ಗೆ ಸಾರಿಸಿದ ನೆಲದ ಮೇಲೆ ಚಾಪೆ ಹಾಸಿ ಕೂತರೆ, ಹಾಡುಗಳು ಮುಗಿಯುವ ಹೊತ್ತಿಗೆ ಕಿಟಕಿಯ ಬಿಸಿಲು ಅಪ್ಪನ ಮೊಣಕಾಲಿನವರೆಗೆ ಬಂದಿರುತ್ತಿತ್ತು. ನಮಗೆ ತಪ್ಪು ಮಾಡಿದವರನ್ನು ಕ್ಷಮಿಸುತ್ತೇವೆ ಎಂದು ದೇವರಿಗೆ ಹೇಳುವ ಪ್ರಾರ್ಥನೆ ನನಗೆ ಬಾಯಿಪಾಠವಾಗಿತ್ತು. ಮಗ್ಗಿ ಒಪ್ಪಿಸುವಂತೆ ಅದನ್ನು ಒಂದೇ ಉಸಿರಿನಲ್ಲಿ ಒಪ್ಪಿಸುತ್ತಿದ್ದೆ.

ಕ್ರಿಸ್ಮಸ್ಸಿಗೆ ಇನ್ನು ಮೂರು ವಾರ ಇದ್ದ ಒಂದು ಭಾನುವಾರದ ಮಾತಿದು. ನನಗಾಗ ಒಂಬತ್ತು ವರ್ಷ. ಅವ್ವ ತವರಿಗೆ ಹೋಗಿದ್ದಳು. ಪ್ರಾರ್ಥನೆ ಮುಗಿದು ಅಪ್ಪ, ಅಕ್ಕ, ನಾನು ಬಾಗಿಲ ಹೊರಗೆ ಚಪ್ಪಲಿ ಮೆಟ್ಟುತ್ತಿದ್ದೆವು. ಪಕ್ಕದ ಹೊಲದ ಕಾಕಾ ಏದುಸಿರು ಬಿಡುತ್ತ ಬಂದ.

"ತಮ್ಮಾ, ನಿನ್ನ ಜ್ವಾಳದಾಗ ಕುರಿ ಬಿದ್ದಾವ. ಹ್ವಾದ ವರ್ಷ ನಿನ್ನ ತೊಗರಿ ಮೇಸಿದ್ನಲ್ಲ, ಅವನ ಹಿಂಡು."

ಆ ಕುರಿ ಕಾಯುವವನನ್ನು ನಾನು ಮರೆತಿರಲಿಲ್ಲ. ದೂರದ ಊರಿನವನು, ಸುಗ್ಗಿಗೆ ಮುಂಚೆ ಹಿಂಡು ಹೊಡೆದುಕೊಂಡು ನಮ್ಮ ಕಡೆ ಬರುತ್ತಿದ್ದ. ಹಿಂದಿನ ವರ್ಷ ತೊಗರಿ ಮೇಯಿಸಿದ್ದನ್ನು ಅಪ್ಪ ಕೇಳಿದಾಗ, ಎದೆಗೆ ಕೈಯಿಟ್ಟು ತಳ್ಳಿದ್ದ. ಅಪ್ಪ ಬದುವಿನ ಮೇಲೆ ಬಿದ್ದಿದ್ದ. "ಹೊಡೀಬ್ಯಾಡ ಅಂತ ನಿಮ್ಮ ದೇವರು ಹೇಳ್ಯಾನಂತಲ್ಲ, ಸುಮ್ನ ಮನಿಗಿ ಹೋಗು" ಎಂದು ಅವನು ನಕ್ಕಿದ್ದು ನನ್ನ ಕಣ್ಣೆದುರಿಗೇ. ಅಪ್ಪ ಎದ್ದು ಮೈಮೇಲಿನ ಮಣ್ಣು ಕೊಡವಿಕೊಂಡು ಬಂದಿದ್ದ. ಆ ದಿನದಿಂದ ನನಗೆ ಅವನ ಮೇಲೆ ಸಿಟ್ಟು. ಅಪ್ಪನ ಮೇಲೂ ಸ್ವಲ್ಪ.

ನಾವು ಹಳ್ಳ ದಾಟಿ ಹೊಲಕ್ಕೆ ಓಡಿದೆವು. ಆ ವರ್ಷ ಮಳೆ ಬೇಗ ಹಿಂದೆ ಸರಿದಿತ್ತು. ಮೊಣಕಾಲೆತ್ತರದ ಜೋಳ ಬಾಡಿ, ಎಲೆಗಳು ಸುರುಳಿ ಸುತ್ತಿಕೊಂಡಿದ್ದವು. ಅಂಥ ಬಾಡಿದ ಎಳೆಯ ಜೋಳದಲ್ಲಿ ನಂಜಿರುತ್ತದೆ. ದನ, ಕುರಿ ತಿಂದರೆ ಉಳಿಯುವುದು ಕಷ್ಟ. ಮೂಡಣ ಬದುವಿನಿಂದ ಅರ್ಧ ಹೊಲದವರೆಗೆ ಬರೀ ಮೊಟಕು ದಂಟು ನಿಂತಿದ್ದವು. ಉಳಿದ ಹಿಂಡು ಬದುವಿನ ಆಚೆ ಇತ್ತು, ಆ ದಂಟುಗಳ ನಡುವೆ ಎಂಟು ಹತ್ತು ಕುರಿಗಳು ಕಾಲು ನಡುಗಿಸುತ್ತ ನಿಂತಿದ್ದವು. ಕೆಲವು ಆಗಲೇ ಮಗ್ಗುಲಾಗಿದ್ದವು. ಹೊಟ್ಟೆ ಉಬ್ಬಿತ್ತು, ಬಾಯಲ್ಲಿ ನೊರೆ. ಹಸಿ ದಂಟಿನ ವಾಸನೆಯೂ ಕುರಿ ಉಣ್ಣೆಯ ವಾಸನೆಯೂ ಬಿಸಿಲಿನಲ್ಲಿ ಕಲಸಿಹೋಗಿದ್ದವು.

ಕುರಿಯವನು ಒಂದು ಕುರಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ನಮ್ಮನ್ನು ನೋಡಿ ಎದ್ದೇಳಲಿಲ್ಲ, ಓಡಲೂ ಇಲ್ಲ.

"ಎರಡು ದಿನದಿಂದ ಮೇವಿಲ್ರಿ ಯಪ್ಪಾ. ಬದುವಿನ ಮ್ಯಾಲ ಹುಲ್ಲು ಮೇಸಾಕ ಬಿಟ್ಟಿದ್ದೆ. ನೀವು ದೇವರ ಮನ್ಯಾಗ ಇರ್ತೀರಿ, ನೋಡೋರು ಯಾರಿಲ್ಲ ಅಂತ ಒಳಗ ಹೋದ್ರೂ ಸುಮ್ನಿದ್ದೆ. ಹೊರಗ ಹೊಳ್ಳಿಸೋದ್ರಾಗ ಬಿದ್ದು ಬಿಟ್ವು."

"ಸಾಯ್ಲಿ ಬಿಡು ತಮ್ಮಾ" ಎಂದ ಕಾಕಾ. "ದೇವರು ತೋರ್ಸ್ಯಾನ ಅವಗ."

ನನಗೂ ಹಾಗೇ ಅನ್ನಿಸಿತು. ಅಪ್ಪ ಏನು ಹೇಳುತ್ತಾನೋ ಎಂದು ಅವನ ಮುಖವನ್ನೇ ನೋಡಿದೆ. ಅವನು ಮೇಯ್ದುಹೋದ ಹೊಲವನ್ನು ಒಮ್ಮೆ ಈ ತುದಿಯಿಂದ ಆ ತುದಿಯವರೆಗೆ ನೋಡಿದ. ಆಮೇಲೆ ತಲೆಯ ರುಮಾಲು ಬಿಚ್ಚಿ ಸೊಂಟಕ್ಕೆ ಕಟ್ಟಿದ.

"ಕುರಿ ಏನ್ ಮಾಡ್ಯಾವ ಅಣ್ಣಾ?" ಎಂದವನೇ ನನ್ನ ಕಡೆ ತಿರುಗಿದ. "ಮನ್ಯಾಗ ಹುಣಸಿಹಣ್ಣು ಐತಿ, ಬೆಲ್ಲ ಐತಿ. ಎಲ್ಲಾ ತಗೊಂಡು ಬಾ. ದನಕ್ಕ ಔಷಧ ಕುಡಿಸೋ ಬಿದಿರಿನ ಗೊಟ್ಟನೂ ತಾ. ಓಡು."

ಮನೆಯಲ್ಲಿ ಬೆಲ್ಲ ಇದ್ದದ್ದು ಒಂದೇ ಪೆಂಟಿ. ಕ್ರಿಸ್ಮಸ್ಸಿನ ಕರ್ಜಿಕಾಯಿಗೆಂದು ಅವ್ವ ಅದನ್ನು ಬಟ್ಟೆಯಲ್ಲಿ ಸುತ್ತಿ, ನೆಲುವಿನ ಗಡಿಗೆಯಲ್ಲಿ ಇಟ್ಟು ಹೋಗಿದ್ದಳು. ವರ್ಷಕ್ಕೊಮ್ಮೆ ಮಾಡುವ ಕರ್ಜಿಕಾಯಿ. ನಾನು ಬಟ್ಟೆ ಬಿಚ್ಚಿದೆ. ಬೆಲ್ಲದ ವಾಸನೆ ಮೂಗಿಗೆ ಬಡಿಯಿತು. ಅಪ್ಪ ಬದುವಿನ ಮೇಲೆ ಬಿದ್ದದ್ದು ನೆನಪಾಯಿತು. ಪೆಂಟಿಯನ್ನು ಒರಳುಕಲ್ಲಿಗೆ ಕುಟ್ಟಿ ಒಡೆದು, ಅರ್ಧ ಉಡಿಯಲ್ಲಿ ಹಾಕಿಕೊಂಡೆ, ಅರ್ಧ ಗಡಿಗೆಗೇ ವಾಪಸು ಹಾಕಿದೆ.

"ಇಷ್ಟ ಇತ್ತೇನು?" ಎಂದು ಹೊಲದಲ್ಲಿ ನನ್ನ ಉಡಿ ನೋಡಿ ಅಕ್ಕ ಕೇಳಿದಳು.

"ಹ್ಞೂಂ, ಇಷ್ಟ" ಎಂದೆ.

ಅಕ್ಕ ಕೊಡದ ನೀರಿನಲ್ಲಿ ಹುಣಸೆಹಣ್ಣು ಕಿವುಚಿ ಬೆಲ್ಲ ಕರಗಿಸಿದಳು. ಅಪ್ಪ ಒಂದೊಂದೇ ಕುರಿಯ ಬಾಯಿ ತೆರೆದು ಗೊಟ್ಟದಿಂದ ನಿಧಾನವಾಗಿ ಹುಯ್ದ. ಕುರಿಯವನು ತಲೆ ಹಿಡಿದ. ಸ್ವಲ್ಪ ಹೊತ್ತು ದೂರ ನಿಂತಿದ್ದ ಕಾಕಾ, ಏನೋ ಗೊಣಗುತ್ತ ಬಂದು ಕಾಲು ಹಿಡಿದ. ಕುರಿಗಳ ಉಸಿರು ಮಾತ್ರ ತಿದಿ ಊದಿದಂತೆ ಕೇಳುತ್ತಿತ್ತು. ಮೊದಲು ಕುಡಿಸಿದ ಎರಡು ಕುರಿ ತಲೆ ಎತ್ತಿದವು. ಒಂದು ಕೆಮ್ಮಿ, ತಡವರಿಸಿ ಎದ್ದು ನಿಂತಿತು.

ಅಷ್ಟರಲ್ಲಿ ಕೊಡ ಖಾಲಿಯಾಯಿತು. ಅಪ್ಪ ಅದನ್ನು ಬಗ್ಗಿಸಿ ನೋಡಿದ. ಇನ್ನೂ ಮೂರು ಕುರಿಗೆ ಕುಡಿಸುವುದಿತ್ತು. ಅದರಲ್ಲಿ ಒಂದಕ್ಕೆ ಪುಟ್ಟ ಮರಿ ಇತ್ತು. ಬಿದ್ದಿದ್ದ ತಾಯಿಯ ಕೆಚ್ಚಲನ್ನು ಮರಿ ಮೂತಿಯಿಂದ ಮತ್ತೆ ಮತ್ತೆ ಗುದ್ದುತ್ತಿತ್ತು. ತಾಯಿ ಕಾಲು ಸರಿಸಲಿಲ್ಲ.

ನಾನು ಯಾರಿಗೂ ಏನೂ ಹೇಳದೆ ಮನೆಗೆ ಓಡಿದೆ. ಹಳ್ಳದ ಮರಳಿನಲ್ಲಿ ಚಪ್ಪಲಿ ಕಿತ್ತುಹೋಯಿತು, ಅಲ್ಲೇ ಬಿಟ್ಟೆ. ಉಳಿದ ಬೆಲ್ಲ ತೆಗೆದುಕೊಂಡು ತಿರುಗಿ ಬರುವ ಹೊತ್ತಿಗೆ ಆ ತಾಯಿಕುರಿ ಸತ್ತಿತ್ತು. ಮರಿಯನ್ನು ಅಕ್ಕ ಎತ್ತಿಕೊಂಡಿದ್ದಳು. ಇನ್ನೆರಡಕ್ಕೆ ಅಪ್ಪ ಆ ಬೆಲ್ಲದ ನೀರು ಕುಡಿಸಿದ. ಅವು ಉಳಿದವು.

ಕೆಲಸ ಮುಗಿದ ಮೇಲೆ ಅಪ್ಪ ಕೈ ತೊಳೆದುಕೊಂಡು ನನ್ನ ಹತ್ತಿರ ಬಂದು ಕೂತ. ಬೆಲ್ಲ ಬಚ್ಚಿಟ್ಟದ್ದು ತಿಳಿದು ಬೈಯುತ್ತಾನೆ ಎಂದುಕೊಂಡು ಬಾಯಿ ತೆರೆದೆ. "ಇದನ್ನ ನನಗ ಹೇಳಬ್ಯಾಡ" ಎಂದ. "ಅವನ ಹತ್ರ ಹೋಗಿ ಹೇಳು."

ಆ ಹತ್ತು ಹೆಜ್ಜೆ ನಡೆದಷ್ಟು ಕಷ್ಟ ನನಗೆ ಆಮೇಲೂ ಬಂದದ್ದು ಕಡಿಮೆ. ಅವನು ಸತ್ತ ಕುರಿಯ ಪಕ್ಕ ಕೂತಿದ್ದ. ಮನೆಯಲ್ಲಿ ಇನ್ನೂ ಬೆಲ್ಲ ಇತ್ತು, ನಾನೇ ಬಚ್ಚಿಟ್ಟೆ, ನಿನ್ನ ಮೇಲೆ ಸಿಟ್ಟಿತ್ತು ಎಂದು ತೊದಲಿದೆ. ಅವನು ನನ್ನ ಬರಿಗಾಲನ್ನು ನೋಡಿದ.

"ನಾ ಮಾಡಿದ್ರ ಮುಂದ ಇದೇನು ದೊಡ್ಡದಲ್ಲ ಬಿಡವ್ವಾ" ಎಂದ. ಆಮೇಲೆ ಎದ್ದು ಅಪ್ಪನ ಹತ್ತಿರ ಹೋದ. ಏನು ಹೇಳಿದನೋ ನನಗೆ ಕೇಳಿಸಲಿಲ್ಲ. ಅವನು ಬಗ್ಗಿ ಕಾಲು ಮುಟ್ಟಲು ಹೋದದ್ದು, ಅಪ್ಪ ಎರಡೂ ಕೈಯಿಂದ ಅವನ ತೋಳು ಹಿಡಿದು ತಡೆದದ್ದು ಕಂಡಿತು.

ನಾನು ಮೊದಲೇ ಪೂರಾ ಬೆಲ್ಲ ತಂದಿದ್ದರೆ ಆ ಕುರಿ ಬದುಕುತ್ತಿತ್ತೋ ಇಲ್ಲವೋ, ಗೊತ್ತಿಲ್ಲ. ಅಪ್ಪನನ್ನು ಎಷ್ಟೋ ವರ್ಷದ ಮೇಲೆ ಕೇಳಿದೆ. ಅವನಿಗೂ ಗೊತ್ತಿರಲಿಲ್ಲ. ಸಮಾಧಾನಕ್ಕೆಂದು ಸುಳ್ಳು ಹೇಳುವವನೂ ಅವನಲ್ಲ.

ಆ ಕ್ರಿಸ್ಮಸ್ಸಿಗೆ ಕರ್ಜಿಕಾಯಿ ಆಗಲಿಲ್ಲ. ಅವ್ವ ಶೇಂಗಾ ಹುರಿದು ಕೊಟ್ಟಳು. ಜೋಳವೂ ಅರ್ಧವೇ ಬಂತು. ಬೇಸಿಗೆಯಲ್ಲಿ ರೊಟ್ಟಿ ಎಣಿಸಿ ತಿಂದೆವು. ಮರುವರ್ಷ ಸುಗ್ಗಿ ಮುಗಿದ ಮೇಲೆ ಕುರಿಯವನು ಯಾರೂ ಕರೆಯದೆ ಬಂದು, ಎಂಟು ದಿನ ನಮ್ಮ ಹೊಲದಲ್ಲಿ ಹಿಂಡು ತರುಬಿದ. ರಾತ್ರಿಯೆಲ್ಲ ಕುರಿಗಳು ನಿಂತ ಹೊಲಕ್ಕೆ ಅದಕ್ಕಿಂತ ಒಳ್ಳೆಯ ಗೊಬ್ಬರವಿಲ್ಲ. ಅದಕ್ಕೆ ಅವನು ತೆಗೆದುಕೊಂಡದ್ದು ಅವ್ವನ ರೊಟ್ಟಿ, ಪುಂಡಿಪಲ್ಯ ಮಾತ್ರ. ಅಪ್ಪ ಈ ಸಂಗತಿಯನ್ನು ಪ್ರಾರ್ಥನಾ ಮನೆಯಲ್ಲಿ ಒಮ್ಮೆಯೂ ಎತ್ತಲಿಲ್ಲ.

ಈಗ ನಾನು ಸಿಂಧನೂರಿನಲ್ಲಿ ಮಗನ ಮನೆಯಲ್ಲಿದ್ದೇನೆ. ಇಲ್ಲಿ ಊರ ಸುತ್ತ ಕಾಲುವೆ ನೀರಿನ ಭತ್ತ. ಮನೆಗೆ ಗೇಟು, ಗೇಟಿನ ಮೇಲೆ ಕ್ಯಾಮೆರಾ. ಹೋದ ವಾರ ಮೊಮ್ಮಗ ಮುಖ ಊದಿಸಿಕೊಂಡು ಬಂದ. ಶಾಲೆಯ ಗೆಳೆಯನೊಬ್ಬ ಇವನ ಫೋಟೋಕ್ಕೆ ಕತ್ತೆಯ ಕಿವಿ ಹಚ್ಚಿ ಎಲ್ಲರ ಫೋನಿಗೂ ಕಳಿಸಿದ್ದನಂತೆ.

"ಅವನ್ನ ಬ್ಲಾಕ್ ಮಾಡೀನಿ ಅಜ್ಜಿ. ಮುಗೀತು" ಎಂದ.

ಹಾಗೆಂದರೆ ಅವನ ಮಾತು, ಮುಖ ಯಾವುದೂ ಇನ್ನು ಇವನ ಫೋನಿಗೆ ಬರುವುದಿಲ್ಲವಂತೆ. ನಮ್ಮ ಕಾಲದಲ್ಲಿ ಆ ಅನುಕೂಲ ಇರಲಿಲ್ಲ. ತಳ್ಳಿದವನೂ ಬಿದ್ದವನೂ ಒಂದೇ ದಾರಿಯಲ್ಲಿ ಎದುರುಬದುರಾಗಲೇಬೇಕಿತ್ತು. ಸ್ವಲ್ಪ ಹೊತ್ತಿನ ಮೇಲೆ ಮೊಮ್ಮಗ ತಾನಾಗಿಯೇ ಹೇಳಿದ: ಆ ಹುಡುಗನಿಗೆ ನಾಲ್ಕು ದಿನದಿಂದ ಜ್ವರ, ಶಾಲೆಗೆ ಬಂದಿಲ್ಲ, ಸೋಮವಾರ ಪರೀಕ್ಷೆ, ನೋಟ್ಸ್ ಯಾರೂ ಕೊಟ್ಟಿಲ್ಲ.

"ಅವನ ಮನಿ ಎಲ್ಲೈತಿ?" ಎಂದು ಕೇಳಿದೆ.

"ಎರಡು ಓಣಿ ಆಚೆ. ಯಾಕ?"

ನಾನು ಸೆರಗು ಸರಿಮಾಡಿಕೊಂಡು ಎದ್ದೆ. ಅವನು ಗೋಡೆ ನೋಡುತ್ತ ನಿಂತ. ಆಮೇಲೆ ಒಳಗೆ ಹೋಗಿ ನೋಟ್‌ಬುಕ್ ತಂದ. ದಾರಿಯುದ್ದಕ್ಕೂ ನನಗಿಂತ ನಾಲ್ಕು ಹೆಜ್ಜೆ ಮುಂದೆಯೇ ನಡೆದ. ಆ ಮನೆಯ ಗೇಟಿನ ಮುಂದೆ ಇಬ್ಬರೂ ನಿಂತೆವು. ಗಂಟೆಯನ್ನು ನಾನು ಒತ್ತಲಿಲ್ಲ. ತುಸು ತಡೆದು, ಅವನೇ ಒತ್ತಿದ.