ಪಿಕಪ್ಪಿನ ಕೆಳಗೆ ಹನ್ನೊಂದು ಬೆಕ್ಕು

ಹೋದ ಸೋಮವಾರ ಬೆಳಿಗ್ಗೆ ಎದ್ದು ಅಂಗಳಕ್ಕೆ ಬಂದು ನೋಡುತ್ತೇನೆ, ನನ್ನ ಪಿಕಪ್ಪಿನ ಕೆಳಗೆ ಹನ್ನೊಂದು ಬೆಕ್ಕು!

ಎರಡು ಸಲ ಎಣಿಸಿದೆ. ಹನ್ನೊಂದೇ. ನಮ್ಮ ಮನೆಯದು ಒಂದು, ಪಕ್ಕದ ಮನೆಯವು ಎರಡು. ಉಳಿದವು ಮೀನುಗಾರರ ಕೋಡಿಯ ಕಡೆಯಿಂದ ಕರೆಯದೆ ಬಂದವು. ಎಲ್ಲವೂ ಮುಂದಿನ ಎಡ ಚಕ್ರದ ಸುತ್ತ ಶಿಸ್ತಾಗಿ ಕುಳಿತಿದ್ದವು, ಊಟಕ್ಕೆ ಎಲೆ ಹಾಕುವುದನ್ನೇ ಕಾಯುವ ನೆಂಟರ ಹಾಗೆ.

"ಕಾಣಿ ನಿಮ್ಮ ರಿಪೇರಿ," ಎಂದಳು ಬಾವಿಕಟ್ಟೆಯಲ್ಲಿದ್ದ ನನ್ನ ಹೆಂಡತಿ ಜಲಜ.

ಅಷ್ಟೇ. ಹೆಚ್ಚಿಗೆ ಒಂದು ಮಾತಿಲ್ಲ. (ಅವಳು ಹೆಚ್ಚಿಗೆ ಮಾತಾಡಲಿಲ್ಲ ಎಂಬುದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ನಾನು ಇಟ್ಟುಕೊಂಡಿರಲಿಲ್ಲ.)

ನನ್ನ ಪಿಕಪ್ಪನ್ನು ಕುಂದಾಪುರ ಪೇಟೆಯಲ್ಲಿ ನೀವು ನೋಡಿರಬಹುದು. ನೋಡಿರದಿದ್ದರೂ ಕೇಳಿಯಂತೂ ಇರುತ್ತೀರಿ. ಮುಂದೆ ಜೀಪು, ಹಿಂದೆ ತೊಟ್ಟಿ. ಬಣ್ಣ ಹಸಿರು, ಅದೂ ಉಳಿದಿರುವ ಕಡೆ ಮಾತ್ರ. ಇಬ್ಬರು ಓಡಿಸಿ ಸಾಕಾಗಿ ಬಿಟ್ಟದ್ದನ್ನು ನಾನು ಕೊಂಡೆ. ತೆಂಗಿನಕಾಯಿ, ಹೆಂಚು, ಹುಲ್ಲು, ಮದುವೆಯ ಪಾತ್ರೆ, ಯಾವುದಕ್ಕೂ ಇಲ್ಲ ಎನ್ನದ ಬಡಪಾಯಿ ಗಾಡಿ.

ಎರಡು ತಿಂಗಳಿಂದ ಅದಕ್ಕೊಂದು ಕಾಯಿಲೆ ಶುರುವಾಗಿತ್ತು. ಮುಂದಿನ ಎಡಗಡೆಯಲ್ಲಿ ಸದ್ದು. ಗುಂಡಿಗೆ ಇಳಿದರೆ ಕಿರ್ರ್. ಗುಂಡಿಯಿಂದ ಏಳುವಾಗ ಟಕ್. ನಮ್ಮ ರಸ್ತೆಯಲ್ಲಿ ಗುಂಡಿಗೆ ಬರವೇ? ಕಿರ್ರ್ ಟಕ್, ಕಿರ್ರ್ ಟಕ್ ಎನ್ನುತ್ತಲೇ ನಮ್ಮ ಸವಾರಿ. ನಾನಿನ್ನೂ ಬಸ್‌ಸ್ಟ್ಯಾಂಡಿನ ತಿರುವಿನಲ್ಲಿರುವಾಗಲೇ ಹೋಟೆಲಿನವನು ನನ್ನ ಚಹಾ ಸೋಸಿ ಇಡುತ್ತಿದ್ದ.

ನಿಜ ಹೇಳಬೇಕೆಂದರೆ ಆ ಸದ್ದಿನಿಂದ ನನಗೊಂದು ಲಾಭವೂ ಇತ್ತು. ಜಲಜಳ ಅಕ್ಕ ಬಾರ್ಕೂರಿನಲ್ಲಿದ್ದಾರೆ. ದೀಪಾವಳಿಯಿಂದ ಈಚೆಗೆ ಅಲ್ಲಿಗೆ ಹೋಗಿರಲಿಲ್ಲ. "ಬಾರ್ಕೂರಿಗೆ ಯಾವಾಗ ಹೋಪ?" ಎಂದು ಇವಳು ಕೇಳುತ್ತಲೇ ಇದ್ದಳು. "ಈ ಸದ್ದೊಂದು ಸರಿಯಾಗಲಿ ಮಾರಾಯ್ತಿ" ಎಂದು ನಾನು ಹೇಳುತ್ತಲೇ ಇದ್ದೆ. ಹಾಗೆ ಹೇಳಿದ ದಿನ ಸಂಜೆ ಪೇಟೆಯಿಂದ ಒಂದು ಚೆಂಡು ಮಲ್ಲಿಗೆ ತಂದುಕೊಡುತ್ತಿದ್ದೆ. ಮಾತು ಅಲ್ಲಿಗೆ ನಿಲ್ಲುತ್ತಿತ್ತು. ಗಂಡಸರ ಜಾಣತನ ಎಂದರೆ ಇದೇ ಅಲ್ಲವೇ?

ಆದರೆ ಬಚ್ಚಮ್ಮನ ಬಾಯಿ ಮುಚ್ಚಿಸಲು ಮಲ್ಲಿಗೆ ಸಾಕಾಗಲಿಲ್ಲ.

ಬಚ್ಚಮ್ಮ ನಮ್ಮ ಮನೆಯಿಂದ ಎರಡು ಗದ್ದೆ ಆಚೆ ಮಡಕೆ ಮಾಡುವವಳು. ಗಂಡ ಮಣ್ಣು ತುಳಿದು ಚಕ್ರ ತಿರುಗಿಸುತ್ತಾನೆ; ತಟ್ಟುವುದು, ಸುಡುವುದು, ಮಾರುವುದು, ಜಗಳವಾಡುವುದು ಎಲ್ಲ ಇವಳ ಇಲಾಖೆ. ಎರಡು ತಿಂಗಳು ದುಡಿದು ಒಂದು ಆವಿಗೆಯ ತುಂಬ ಮಡಕೆ ಸುಟ್ಟಿದ್ದಳು. ನೀರಿನ ಹೂಜಿ, ಗಂಜಿಯ ಮಡಕೆ, ಮೀನು ಸಾರಿನ ಅಳಗೆ. ಎಲ್ಲವೂ ಬೈಂದೂರಿನ ಒಂದು ಅಂಗಡಿಗೆ ಹೋಗಬೇಕು. ಅಂಗಡಿಯವನು ಈ ಸಲ ಗಡುವು ಕೊಟ್ಟಿದ್ದ: ಗುರುವಾರದೊಳಗೆ ಮಾಲು ಬರಲಿ, ಇಲ್ಲದಿದ್ದರೆ ಆ ಕಪಾಟು ಪೂರ್ತಿ ಅಲ್ಯೂಮಿನಿಯಂ ಪಾತ್ರೆ ತುಂಬಿಸುತ್ತೇನೆ. ಅಲ್ಯೂಮಿನಿಯಂ ಒಮ್ಮೆ ಕಪಾಟು ಹತ್ತಿದರೆ ಇಳಿಯುತ್ತದೆಯೇ? ಬೀಳಿಸಿದರೂ ಒಡೆಯದ ಜಾತಿ ಅದು.

ಹಿಂದೆಲ್ಲ ಮಡಕೆ ಎತ್ತಿನ ಗಾಡಿಯಲ್ಲಿ ಹೋಗುತ್ತಿತ್ತು. ಗಾಡಿಯವನು ಈಗ ಎತ್ತು ಮಾರಿ ಸೈಕಲ್ ಶಾಪ್ ಇಟ್ಟಿದ್ದಾನೆ. ಉಳಿದದ್ದು ನನ್ನ ಪಿಕಪ್ಪು. ಬಚ್ಚಮ್ಮ ಬಂದು, ಅದು ಒಮ್ಮೆ ಅಂಗಳಕ್ಕೆ ಬರುವುದನ್ನು ಕೇಳಿ, ಸೊಂಟಕ್ಕೆ ಕೈ ಇಟ್ಟು ನಿಂತಳು.

"ಹ್ವಾಯ್, ಇದ್ರಂಗೆ ನನ್ ಮಡ್ಕೆ ಹಾಕುದಿಲ್ಲೆ. ಆ ಟಕ್ ಅಂಬುದ್ ಹೋಯ್ಕ್. ಆಮೇಲ್ ಕಾಂಬ."

"ಅದು ಬರೀ ಸದ್ದು ಬಚ್ಚಮ್ಮ."

"ಬರೀ ಸದ್ದ್ ಅಂದೇಳಿ ಒಂದ್ ಇತ್ತಾ ಮಾರಾಯ್ರೆ?" ಎಂದು ಕೇಳಿ ಹೊರಟೇಹೋದಳು.

ಈಗ ನನ್ನ ಭಾವಮೈದುನ ಶೀನನ ಪ್ರವೇಶ. ಜಲಜಳ ತಮ್ಮ. ಬೊಂಬಾಯಿಯಿಂದ ರಜೆಯಲ್ಲಿ ಬಂದಿದ್ದಾನೆ. ಮೋಟಾರು ರಿಪೇರಿಯಲ್ಲಿ ಅವನ ಪಾಂಡಿತ್ಯ ದೊಡ್ಡದು. ಏಕೆಂದರೆ ಹತ್ತು ವರ್ಷ ಒಂದು ಗ್ಯಾರೇಜಿನ ಎದುರಿನ ಹೋಟೆಲಿನಲ್ಲಿ ಕೆಲಸ ಮಾಡಿದ್ದಾನೆ!

"ಕುಚ್ ನಹಿ ಭಾವ," ಎಂದ. "ಸ್ಪ್ರಿಂಗ್ ಒಣಗಿತ್ತ್. ಬುಷ್ ಸವ್ದಿತ್ತ್. ಮನೆಯಂಗೇ ಮಾಡ್ವ."

ಭಾನುವಾರ ಬೆಳಿಗ್ಗೆ ಕೆಲಸ ಹಿಡಿದೆವು. ಹಿಂದಿನ ಚಕ್ರಗಳಿಗೆ ಕೆಂಪುಕಲ್ಲು ಒಡ್ಡಿ, ಮುಂದಿನ ಭಾಗ ಎತ್ತಿ ತೆಂಗಿನ ದಿಮ್ಮಿಯ ಮೇಲೆ ಕೂರಿಸಿದೆವು. ಈ ಗಾಡಿಯ ಮುಂಭಾಗದ ಭಾರವನ್ನೆಲ್ಲ ಹೊರುವುದು ಎರಡು ಸ್ಪ್ರಿಂಗ್ ಕಮಾನುಗಳು, ಚಕ್ರಕ್ಕೊಂದು. ಒಂದೊಂದು ಕಮಾನಿನಲ್ಲಿ ಏಳು ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿ ನಡುವೆ ಬೋಲ್ಟು ಹಾಕಿರುತ್ತಾರೆ. ತುದಿಯಲ್ಲಿ ರಬ್ಬರಿನ ಬುಷ್ ಇರುತ್ತದೆ. ನಮ್ಮದರಲ್ಲಿ ಬುಷ್ ಇದ್ದ ಜಾಗ ಇತ್ತು, ಬುಷ್ ಇರಲಿಲ್ಲ. ಹೊಸದು ಬೇಕಾದರೆ ಮಂಗಳೂರಿಗೆ ಹೇಳಿ ಕಳಿಸಬೇಕು. ಗುರುವಾರದೊಳಗೆ ಎಲ್ಲಿಂದ ಬರಬೇಕು? ಶೀನ ನನ್ನ ಕಾಲಿನ ಕಡೆ ನೋಡಿದ. ಹತ್ತು ನಿಮಿಷದಲ್ಲಿ ನನ್ನ ರಬ್ಬರ್ ಚಪ್ಪಲಿ ಬುಷ್ ಆಗಿತ್ತು.

ಇಳಿಸಿ ಓಡಿಸಿದೆವು. ಕಿರ್ರ್ ಟಕ್.

ಗ್ರೀಸು ಮೆತ್ತಿದೆವು. ಪಟ್ಟಿಗಳ ನಡುವೆ ಅದು ಇಳಿಯಲೇ ಇಲ್ಲ. ಕಿರ್ರ್ ಟಕ್.

ಶೀನ ಬೆವರು ಒರೆಸಿಕೊಂಡು ಸೈಕಲ್ ಹತ್ತಿ ಮಾಯವಾದ. ಒಂದು ಗಂಟೆಯ ಮೇಲೆ ಕೋಡಿಯಿಂದ ಒಂದು ಡಬ್ಬಿ ಹಿಡಿದು ಬಂದ. ಮುಚ್ಚಳ ತೆಗೆಯುವ ಮೊದಲೇ ಗೊತ್ತಾಯಿತು, ಮೀನೆಣ್ಣೆ! ದೋಣಿಗೆ ಬಳಿಯುವ ಬೂತಾಯಿ ಎಣ್ಣೆ.

"ದೋಣಿಗ್ ಹಾಕೂದ್ ಇದನ್ನೇ ಅಲ್ದಾ? ಉಪ್ಪು ನೀರಂಗೆ ವರ್ಷಗಟ್ಲೆ ತಡಿತ್ತ್. ನಿಮ್ ಜೀಪಿಗೆಂತ ಕೇಡ್?"

ತರ್ಕ ನನಗೆ ಸರಿ ಎನಿಸಿತು. (ಘಟ್ಟದ ಮೇಲಿನ ಯಾರಿಗಾದರೂ ಸರಿ ಎನಿಸುತ್ತಿತ್ತೇ? ಸಮುದ್ರದ ದಂಡೆಯಲ್ಲಿ ಹುಟ್ಟಿದವರಿಗೆ ಚಕ್ರ ಇರುವ ದೋಣಿಯೂ ದೋಣಿಯೇ.) ತೆಂಗಿನ ನಾರಿನಿಂದ ಅರ್ಧ ಡಬ್ಬಿ ಬಳಿದೆವು. ಎಣ್ಣೆ ಪಟ್ಟಿಗಳ ಸಂದಿಗೆ ಸರಸರ ಇಳಿಯಿತು. ಓಡಿಸಿದೆವು.

ನಿಶ್ಶಬ್ದ! ಕಿರ್ರೂ ಇಲ್ಲ, ಟಕ್ಕೂ ಇಲ್ಲ. ಬಸ್‌ಸ್ಟ್ಯಾಂಡಿನವರೆಗೆ ಹೋಗಿ ಹೋಟೆಲಿಗೆ ಕಾಲಿಟ್ಟರೆ ಹೋಟೆಲಿನವನು ಬೆಚ್ಚಿಬಿದ್ದ. "ಎಂತ, ಇವತ್ತ್ ನಡ್ಕಂಡ್ ಬಂದ್ರಿಯಾ?" ಎಂದು ಕೇಳಿದ. ಅಷ್ಟು ಹೆಮ್ಮೆ ನನಗೆ ಇತ್ತೀಚೆಗೆ ಯಾವುದರಲ್ಲೂ ಆಗಿರಲಿಲ್ಲ. ಸದ್ದು ಹೋದ ಸುದ್ದಿಯನ್ನು ಬಚ್ಚಮ್ಮನಿಗೆ ಹೇಳಿ ಕಳಿಸಿದೆ.

ಮಾರನೆಯ ಬೆಳಿಗ್ಗೆಯೇ ಈ ಹನ್ನೊಂದು ಬೆಕ್ಕು.

ಬೆಕ್ಕುಗಳ ಹಿಂದೆಯೇ ಬಚ್ಚಮ್ಮನೂ ಬಂದಳು. ಮೂಗು ಮುಚ್ಚಿಕೊಂಡಳು. "ಹೊಸ ಮಡ್ಕೆ ವಾಸ್ನೆ ಎಳ್ಕಂತ್ ಮಾರಾಯ್ರೆ. ಈ ಗಾಡಿಯಂಗೆ ಹೋದ್ರೆ ನನ್ ಹೂಜಿ ನೀರನ್ನ ಯಾರ್ ಕುಡಿತ್ರ್?" ಎಂದು ಗೊಣಗುತ್ತ, ಎಣ್ಣೆ ಎಲ್ಲಿ ಹಾಕಿದ್ದೇವೆ ಎಂದು ನೋಡಲು ಚಕ್ರದ ಬಳಿ ಕುಕ್ಕರಗಾಲಿನಲ್ಲಿ ಕುಳಿತಳು.

ಕುಳಿತವಳು ಅಂಗಳದಿಂದ ಒಂದು ಬೆಣಚುಕಲ್ಲು ಹೆಕ್ಕಿ ಎಡಗಡೆಯ ಕಮಾನನ್ನು ಕುಟ್ಟಿದಳು. ತಲೆ ಓರೆ ಮಾಡಿ ಕೇಳಿದಳು. ಎದ್ದು ಬಲಗಡೆಗೆ ಹೋಗಿ ಅದನ್ನೂ ಕುಟ್ಟಿದಳು. ಮತ್ತೆ ಎಡಕ್ಕೆ ಬಂದಳು. ಮಡಕೆ ಮಾಡುವವರಿಗೆ ಇದು ಅಭ್ಯಾಸ. ಆವಿಗೆಯಿಂದ ತೆಗೆದ ಒಂದೊಂದು ಮಡಕೆಯನ್ನೂ ಬೆರಳ ಗೆಣ್ಣಿನಿಂದ ತಟ್ಟಿ, ಕೇಳಿ, ಆಮೇಲೇ ಪಕ್ಕಕ್ಕಿಡುತ್ತಾರೆ. ಕಣ್ಣಿಗೆ ಕಾಣದ ಬಿರುಕು ಕಿವಿಗೆ ಸಿಗುತ್ತದೆ.

"ಇದ್ ಒಡ್ದಿತ್ತ್," ಎಂದಳು, ಎಡಗಡೆಯದನ್ನು ತೋರಿಸಿ.

ಶೀನ ಹೊಟ್ಟೆ ಹಿಡಿದು ನಕ್ಕ. "ಅಕ್ಕ, ಅದ್ ಮಡ್ಕೆ ಅಲ್ಲ. ಉಕ್ಕ್!"

"ಇರ್ಲಿ ತಮ್ಮ. ಬಿಚ್ಚಿ ಕಾಣಿ. ಆಮೇಲ್ ನೆಗ್ಯಾಡಿ."

ಅವಳು ಅಷ್ಟು ಖಂಡಿತವಾಗಿ ಹೇಳದೆ ಇದ್ದಿದ್ದರೆ ನಾನು ಬಿಚ್ಚುತ್ತಿರಲಿಲ್ಲ. ಮತ್ತೆ ಕೆಂಪುಕಲ್ಲು, ಮತ್ತೆ ದಿಮ್ಮಿ. ಮಧ್ಯಾಹ್ನದ ಹೊತ್ತಿಗೆ ಏಳು ಪಟ್ಟಿಗಳೂ ಅಂಗಳದಲ್ಲಿ ಸಾಲಾಗಿ ಬಿದ್ದಿದ್ದವು. ಬೆಕ್ಕುಗಳು ಒಂದೊಂದನ್ನೂ ಪರಿಶೀಲಿಸಿದವು. ಬಚ್ಚಮ್ಮ ಪಟ್ಟಿಗಳನ್ನು ಒಂದೊಂದಾಗಿ ಹಗ್ಗದಲ್ಲಿ ಕಟ್ಟಿ ಹಲಸಿನ ಕೊಂಬೆಗೆ ನೇತುಹಾಕಿಸಿ, ಕಲ್ಲಿನಿಂದ ತಟ್ಟಿದಳು. ಮೊದಲನೆಯದು ಠಣ್. ಎರಡನೆಯದು ಠಣ್.

ಮೂರನೆಯದು ದಬ್.

ಶೀನನ ನಗು ನಿಂತಿತು. ಆ ಪಟ್ಟಿಯನ್ನು ಸೀಮೆಎಣ್ಣೆ ಹಾಕಿ ಬೂದಿಯಿಂದ ತಿಕ್ಕಿದೆವು. ನಡುವೆ ಬೋಲ್ಟಿನ ತೂತಿನ ಪಕ್ಕದಲ್ಲಿ ಕೂದಲೆಳೆಯಷ್ಟು ಸಣ್ಣ ಬಿರುಕು, ಪಟ್ಟಿಯ ಅರ್ಧದವರೆಗೆ ಓಡಿತ್ತು. ಉಳಿದರ್ಧ ಇನ್ನೆಷ್ಟು ದಿನ ತಡೆಯುತ್ತಿತ್ತೋ! ಗುರುವಾರ ತೊಟ್ಟಿಯ ತುಂಬ ಮಡಕೆ ಹೇರಿಕೊಂಡು, ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಹೊಳೆ ಇರುವ ಮರವಂತೆಯಲ್ಲಿ ನಾನು ಶಿಳ್ಳೆ ಹಾಕುತ್ತ ಹೋಗುತ್ತಿರುವಾಗ ಅದು ಮುರಿದಿದ್ದರೆ? ಅವಳ ಎರಡು ತಿಂಗಳ ದುಡಿಮೆ ಒಂದೇ ಏಟಿಗೆ ಚೂರು. ನಮ್ಮ ಕತೆಯೂ ಅಷ್ಟೇ. ನನಗೆ ನಾಚಿಕೆಯಾಯಿತು.

ಬಚ್ಚಮ್ಮ ಬೈಯುತ್ತಾಳೆ ಎಂದುಕೊಂಡೆ. ಅವಳು ಆ ಪಟ್ಟಿಯ ಮೇಲೆ ಕೈ ಆಡಿಸುತ್ತ ಕುಳಿತಿದ್ದಳು.

"ಪಾಪ, ಎರ್ಡ್ ತಿಂಗ್ಳಿಂದ ಹೇಳ್ತಾ ಇತ್ತ್," ಎಂದಳು. "ನೀವ್ ಅದ್ರ ಬಾಯಿಗೆ ಎಣ್ಣೆ ಹಾಕಿದ್ರಿ."

ಕಿರ್ರ್ ಎಂದದ್ದು ತುಕ್ಕು, ಟಕ್ ಎಂದದ್ದು ಬಿರುಕು. ನಮ್ಮ ಮೀನೆಣ್ಣೆ ಎರಡನ್ನೂ ಒಟ್ಟಿಗೆ ಮಲಗಿಸಿತ್ತು. ಅದಕ್ಕೆ ನಾವು ರಿಪೇರಿ ಎಂದು ಹೆಸರಿಟ್ಟು ಪೇಟೆಯಲ್ಲಿ ಮೆರವಣಿಗೆ ಬೇರೆ ಹೋಗಿದ್ದೆವು.

ಮಂಗಳವಾರ ಪೇಟೆಯ ಕಮ್ಮಾರನ ಬಳಿ ಓಡಿದೆವು. ಅವನು ಒಂದು ಹಳೆಯ ಬಸ್ಸಿನ ಪಟ್ಟಿಯನ್ನು ಅಳತೆಗೆ ಕತ್ತರಿಸಿ, ಕುಲುಮೆಯಲ್ಲಿ ಕಾಯಿಸಿ, ನಮ್ಮದರ ಬಾಗಿಗೆ ಸರಿಯಾಗಿ ಬಗ್ಗಿಸಿಕೊಟ್ಟ. ತರುವ ಮೊದಲು ಶೀನ ಅದನ್ನು ಎತ್ತಿ ಹಿಡಿದು ತಟ್ಟಿ ಕೇಳಿದ. (ಬೊಂಬಾಯಿಯ ವಿದ್ಯೆಗೆ ಊರಿನ ತಿದ್ದುಪಡಿ!) ಬುಧವಾರ ಕಮಾನು ಕೂರಿಸಿ ಬೋಲ್ಟು ಬಿಗಿದೆವು. ಮೀನೆಣ್ಣೆಯನ್ನು ಸೀಮೆಎಣ್ಣೆಯಿಂದಲೂ ಸೀಗೆಪುಡಿಯಿಂದಲೂ ತೊಳೆದೆವು. ಬೆಕ್ಕುಗಳು ಬಹಳ ಬೇಸರದಿಂದ ಎದ್ದುಹೋದವು.

ಓಡಿಸಿ ನೋಡಿದರೆ ಟಕ್ ಪೂರ್ತಿ ಹೋಗಿದೆ. ಕಿರ್ರ್ ಮಾತ್ರ ಸ್ವಲ್ಪ ವಾಪಸು ಬಂದಿದೆ! ನನಗೆ ಅಳುಬಂತು. ಬಚ್ಚಮ್ಮ ಬಂದು ಕಲ್ಲಿನಿಂದ ಎರಡೂ ಕಡೆ ಕುಟ್ಟಿದಳು. ಠಣ್, ಠಣ್.

"ಕಿರ್ರ್ ಅಂದ್ರೆ ಅಡ್ಡಿಲ್ಲೆ," ಎಂದಳು. "ಬೆಳ್ಗಾತ ಬತ್ತೆ. ಹುಲ್ಲ್ ತಂದಿಡಿ."

ಗುರುವಾರ ತೊಟ್ಟಿಯಲ್ಲಿ ಬೈಹುಲ್ಲಿನ ಹಾಸಿಗೆ, ಅದರ ಮೇಲೆ ಮಡಕೆ, ಮಡಕೆಗಳ ನಡುವೆ ಬಚ್ಚಮ್ಮ. ಮುಂದೆ ಶೀನನ ಪಕ್ಕ ಕೂರು ಎಂದರೆ ಕೇಳಲಿಲ್ಲ. ದಾರಿಯುದ್ದಕ್ಕೂ ಕಿರ್ರ್, ಕಿರ್ರ್. ನನಗೇಕೋ ಆ ಸದ್ದಿನ ಮೇಲೆ ಪ್ರೀತಿ ಬಂದುಬಿಟ್ಟಿತು. ಮರವಂತೆಯಲ್ಲಿ ಗಾಳಿ ಚೆನ್ನಾಗಿತ್ತು. ಹಿಂದಿನಿಂದ ಬಚ್ಚಮ್ಮ ಏನೋ ಹಾಡು ಗುನುಗುತ್ತಿದ್ದಳು.

ಬೈಂದೂರಿನ ಅಂಗಡಿಯವನು ಒಂದೊಂದು ಮಡಕೆಯನ್ನೂ ತಟ್ಟಿಯೇ ಇಳಿಸಿಕೊಂಡ. ಎಲ್ಲವೂ ಠಣ್. ಒಡೆದದ್ದು ಒಂದೇ ಒಂದು ಅಳಗೆ. ತಟ್ಟುವುದು ಹೇಗೆಂದು ಅಂಗಡಿಯವನಿಗೇ ಕಲಿಸಲು ಹೊರಟ ಶೀನನ ಕೈಯಲ್ಲಿ ಅದು ಒಡೆಯಿತು. ಅಲ್ಯೂಮಿನಿಯಂಗೆ ಸಿಕ್ಕಿದ್ದು ಕಪಾಟಿನ ಅತ್ಯಂತ ಮೇಲಿನ ಒಂದು ಸಾಲು ಮಾತ್ರ. ಬಚ್ಚಮ್ಮ ಅದನ್ನು ಒಮ್ಮೆ ನೋಡಿ, ಸೆರಗಿನಿಂದ ಮುಖ ಒರೆಸಿಕೊಂಡು, "ಚಾ ಕುಡಿವ," ಎಂದಳು. ಅವಳು ಅಷ್ಟು ಹಗುರಾಗಿ ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

ಸಂಜೆ ಮನೆಗೆ ಬಂದೆ. ದಾರಿಯಲ್ಲಿ ಅಭ್ಯಾಸದಂತೆ ಒಂದು ಚೆಂಡು ಮಲ್ಲಿಗೆ ಕೊಂಡಿದ್ದೆ. ಜಲಜ ಅಂಗಳ ಗುಡಿಸುತ್ತಿದ್ದಳು.

"ಮಡ್ಕೆ ಎಲ್ಲ ಸಮ ಮುಟ್ಟಿತಾ?" ಎಂದು ಕೇಳಿದಳು.

"ಮುಟ್ಟಿತು. ಗಾಡಿಯೂ ಸರಿಯಾಯಿತು."

"ಒಳ್ಳೇದಾಯ್ತ್," ಎಂದು ಗುಡಿಸುವುದನ್ನು ಮುಂದುವರಿಸಿದಳು.

ಮಲ್ಲಿಗೆ ಕೊಡಲು ಚಾಚಿದ ಕೈ ಅಲ್ಲೇ ನಿಂತಿತು. ಗಾಡಿ ಸರಿಯಾಯಿತು ಎಂದೆ. ಮುಂದಿನ ಪ್ರಶ್ನೆ ಎಲ್ಲಿ? "ಹಾಂಗಾರೆ ಬಾರ್ಕೂರಿಗೆ ಯಾವಾಗ ಹೋಪ?" ಎಂಬ ಮಾತು ಎಲ್ಲಿ? ಲೆಕ್ಕ ಹಾಕಿದೆ. ಭಾನುವಾರ ಸದ್ದು ನಿಂತಾಗಲೂ ಕೇಳಿರಲಿಲ್ಲ. ಅದಕ್ಕೆ ಹಿಂದಿನ ವಾರವೂ ಇಲ್ಲ. ಮೂರು ವಾರವಾಯಿತು, ಅವಳು ಬಾರ್ಕೂರಿನ ಹೆಸರನ್ನೇ ಎತ್ತಿಲ್ಲ. ಅಷ್ಟು ದಿನ ಮನೆ ನೆಮ್ಮದಿಯಾಗಿದೆ ಎಂದುಕೊಂಡು ನಾನು ಆರಾಮವಾಗಿ ಉಣ್ಣುತ್ತಿದ್ದೆ!

"ನಾಳೆ ಬೆಳಿಗ್ಗೆ ಬಾರ್ಕೂರಿಗೆ ಹೋಗೋಣ," ಎಂದೆ. "ಸಾಮಾನು ಏನೂ ಇಲ್ಲ. ನಾವಿಬ್ಬರೇ."

ಅವಳು ಪೊರಕೆ ನಿಲ್ಲಿಸಿ ನನ್ನ ಮುಖವನ್ನೇ ನೋಡಿದಳು. ಕಣ್ಣು ತುಂಬಿತ್ತು. ಆಮೇಲೆ ಶುರುವಾಯಿತು ನೋಡಿ: ದೀಪಾವಳಿಯಿಂದ ಎಷ್ಟು ಸಲ ಕೇಳಿದ್ದಳು, ನಾನು ಏನೇನು ನೆವ ಹೇಳಿದೆ, ಅಕ್ಕ ಏನೆಂದುಕೊಂಡಿರಬಹುದು. ಊಟ ಮುಗಿದರೂ ನಿಲ್ಲಲಿಲ್ಲ. ಇಷ್ಟು ಸಂತೋಷದಿಂದ ನಾನು ಯಾವತ್ತೂ ಬೈಸಿಕೊಂಡಿಲ್ಲ.

ಅಂದ ಹಾಗೆ, ನಿಮ್ಮ ಮನೆಯಲ್ಲಿ ಇತ್ತೀಚೆಗೆ ಯಾವ ಸದ್ದು ನಿಂತಿದೆ?