ಅವ್ವ ಎಬ್ಬಿಸಿದ ಹಾಳುಮನೆ

ದಂಡೋತಿಯಲ್ಲಿ ನಮ್ಮ ಓಣಿಯ ಕೊನೆಗೆ ಒಂದು ಮನೆ ಇತ್ತು. ಮನೆ ಎನ್ನುವುದು ಬಾಯಿಮಾತಿಗೆ, ಉಳಿದಿದ್ದದ್ದು ನಾಲ್ಕು ಕಲ್ಲಿನ ಗೋಡೆ. ಮಾಳಿಗೆ ಅರ್ಧ ಕುಸಿದು ಒಳಗೆ ಬಿದ್ದಿತ್ತು. ಪಡಸಾಲೆಯಲ್ಲಿ ಜಾಲಿ ಬೆಳೆದಿತ್ತು. ಅಡುಗೆಮನೆ ಓಣಿಯ ನಾಯಿಗಳದು, ದೇವರ ಕೋಣೆ ಬಾವಲಿಗಳದು. ನಮ್ಮಪ್ಪನ ಅಜ್ಜ ಕಟ್ಟಿಸಿದ ಮನೆಯಂತೆ. ಪ್ಲೇಗಿನ ಕಾಲದಲ್ಲಿ ಬಿಟ್ಟು ಹೊಲಕ್ಕೆ ಹೋದವರು ಮತ್ತೆ ಅದರ ಕಡೆ ತಿರುಗಿ ನೋಡಲಿಲ್ಲ. ಊರವರ ಬಾಯಲ್ಲಿ ಅದು ಹಾಳುಮನೆ. ಆ ಹಾಳುಮನೆಯನ್ನು ನಮ್ಮ ಅವ್ವ ಸೂಗಮ್ಮ ಎಬ್ಬಿಸಿ ನಿಲ್ಲಿಸಿದಳು. ಅವಳ ಬದುಕಿನಲ್ಲಿ ಅವಳು ನನ್ನದು ಎಂದು ಕೈಹಚ್ಚಿದ ಮೊದಲ ಮನೆ ಅದು, ಕಡೆಯದೂ ಅದೇ. ಸುಖದ ಕಥೆ ಬೇಕಾದವರು ಬೇರೆ ಯಾರ ಹತ್ತಿರವಾದರೂ ಕೇಳಿಕೊಳ್ಳಲಿ, ನನ್ನ ಹತ್ತಿರ ಇಲ್ಲ.

ನಾನು ಅಂಬೆಗಾಲಿಡುವಾಗಲೇ ಅಪ್ಪ ಹೋದ. ಅಂದಿನಿಂದ ನಾವಿಬ್ಬರೂ ಅವನ ಅಣ್ಣ, ನನ್ನ ದೊಡ್ಡಪ್ಪ ಅಮೃತಪ್ಪನ ಮನೆಯಲ್ಲಿ. ದೊಡ್ಡಪ್ಪ ಊರಿಗೆ ದೊಡ್ಡ ಮನುಷ್ಯ. ಚಿತ್ತಾಪುರದ ಕಚೇರಿಯಲ್ಲಿ ನಾಲ್ಕು ಮಾತು ಉರ್ದುವಿನಲ್ಲಿ ಆಡಿ ಬರಬಲ್ಲವ, ಪಟೇಲರ ಕಟ್ಟೆಯಲ್ಲಿ ಕಾಲು ಚಾಚಿ ಕೂರಬಲ್ಲವ. ಸುಳ್ಳು ಯಾಕೆ ಹೇಳಲಿ, ಅವನು ಎಂದೂ ನಮ್ಮ ಮೇಲೆ ಕೈ ಎತ್ತಲಿಲ್ಲ, ಉಪವಾಸ ಕೆಡವಲಿಲ್ಲ. ಹೊಟ್ಟೆಗೆ ಹಾಕಿದ, ಹಾಕಿದ್ದನ್ನು ದಿನಾ ನೆನಪಿಸಿದ. ಅವ್ವ ಬೆಳಗಿನ ರೊಟ್ಟಿಯಿಂದ ರಾತ್ರಿಯ ಮುಸುರೆಯ ತನಕ ದುಡಿದು ಆ ಅನ್ನದ ಬಾಕಿ ತೀರಿಸುತ್ತಿದ್ದಳು. ಎಂದೂ ತೀರಲಿಲ್ಲ.

ನನ್ನನ್ನು ನಾಲವಾರಕ್ಕೆ ಕೊಟ್ಟರು. ಮದುವೆಯ ಊಟದ ಪಂಕ್ತಿಯಲ್ಲಿ ನನ್ನ ಅತ್ತೆ ಭೀಮಬಾಯಿ, ಹೋಳಿಗೆ ಮುರಿಯುತ್ತಲೇ, ಹತ್ತು ಮಂದಿಗೆ ಕೇಳುವಂತೆ ಅವ್ವನನ್ನು ಕೇಳಿದಳು:

"ಬೀಗತಿ, ನಾಳೆ ಚೊಚ್ಚಲ ಬಾಣಂತನಕ್ಕ ಹುಡುಗೀನ ಎಲ್ಲಿಗಿ ಕಳಸ್ಲಿ? ಭಾವನ ಮನಿ ಮೂಲಿಗೇನು?"

ಚೊಚ್ಚಲ ಹೆರಿಗೆ ತವರಲ್ಲೇ ಆಗಬೇಕು. ಮಗಳನ್ನು ಕರೆತಂದು, ಹೆರಿಗೆ ಮಾಡಿಸಿ, ಕೂಸಿಗೆ ಎಣ್ಣೆನೀರು ಹಾಕಿ, ತೊಟ್ಟಿಲ ಸಮೇತ ಕಳಿಸಿಕೊಡಲಾರದ ತಾಯಿ ತಾಯಿಯೇ ಅಲ್ಲ ಎನ್ನುವ ಸೀಮೆ ನಮ್ಮದು. ನಾನು ಗಂಡನ ಮನೆಗೆ ಹೊರಟ ಮಾರನೆಯ ದಿನವೇ ಅವ್ವ ದೊಡ್ಡಪ್ಪನ ಮುಂದೆ ಸೆರಗೊಡ್ಡಿ ನಿಂತು ಗಂಡನ ಪಾಲು ಕೇಳಿದಳಂತೆ. ದೊಡ್ಡಪ್ಪ ಎಲೆಗೆ ಸುಣ್ಣ ಹಚ್ಚುತ್ತ ನಕ್ಕನಂತೆ.

"ಹೊಲದ ಮಾತ ಎತ್ತಬ್ಯಾಡ. ಮನಿ ಬೇಕಂದ್ರ ಅಕೋ, ಬೇಕಾದ್ರ ಆ ಹಾಳಮನಿ ತಗೋ. ನಂದೇನೂ ತಕರಾರಿಲ್ಲ."

ಕಟ್ಟೆಯ ಮೇಲೆ ಕೂತವರೆಲ್ಲ ಹೋ ಎಂದು ನಕ್ಕರು. ಅವ್ವ ನಗಲಿಲ್ಲ, ಅವನ ಕಾಲು ಮುಟ್ಟಿದಳು. ಅದನ್ನು ನೆನೆದರೆ ಇಂದಿಗೂ ನನ್ನ ಮೈ ಉರಿಯುತ್ತದೆ.

ಕುಡಗೋಲು ಹಿಡಿದು ಮೊದಲು ಜಾಲಿ ಕಡಿದಳು. ಅಂಗೈ ತುಂಬ ಮುಳ್ಳು. ಆಮೇಲೆ ಬಿದ್ದ ಮಣ್ಣನ್ನು ಬುಟ್ಟಿ ಬುಟ್ಟಿಯಾಗಿ ಹೊತ್ತು ಹೊರಗೆ ಹಾಕಿದಳು. ಗೌಂಡಿ ನಬೀಸಾಬನನ್ನು ಕರೆತಂದು ತೋರಿಸಿದಳು. ಮುದುಕ ಗೋಡೆಗಳಿಗೆ ಬೆರಳಿನಿಂದ ಬಡಿದು ನೋಡಿ ತಲೆ ಕೊಡವಿದ.

"ಬಾಯಿ, ಇದು ರಿಪೇರಿ ಅಲ್ಲ. ಸತ್ತ ಮಯ್ಯತ್ತಿನ ಎಬ್ಬಿಸಿ ಕುಂದ್ರಸೋ ಕೆಲಸ ಅದ."

"ಎಬ್ಬಸ್ರಿ ಸಾಬ. ರೊಕ್ಕ ಇಲ್ಲ, ರೊಟ್ಟಿ ಕೊಡ್ತೀನಿ."

ಹಾಗೆ ಹೇಳಿದ್ದು ಬರೀ ಮಾತಿಗಲ್ಲ. ಅವ್ವನ ಕೈಯ ಕಟಿರೊಟ್ಟಿ ಎಂದರೆ ತಿಂಗಳಾದರೂ ಕೆಡುತ್ತಿರಲಿಲ್ಲ, ಕಡಿದರೆ ಪಟ್ಟೆನ್ನುತ್ತಿತ್ತು. ಶಹಾಬಾದಿನ ಕಲ್ಲಿನ ಖಣಿಗಳಿಂದ ಫರಸಿ ಹಾಸುಗಲ್ಲು ಹೇರಿಕೊಂಡು ಬರುವ ಬಂಡಿಗಳು ಕಾಗಿಣಾ ಹೊಳೆಯ ದಂಡೆಯಲ್ಲಿ ಎತ್ತು ಬಿಡುತ್ತಿದ್ದವು. ದೊಡ್ಡಪ್ಪನ ಮನೆಯ ಕೆಲಸ ಮುಗಿದ ಮೇಲೆ ಅವ್ವ ಅಲ್ಲಿಗೆ ರೊಟ್ಟಿ, ಶೇಂಗಾದ ಹಿಂಡಿ ಒಯ್ಯುತ್ತಿದ್ದಳು. ಬಂಡಿಯವರು ದುಡ್ಡಿನ ಬದಲು ಒಡೆದ ಫರಸಿ ಇಳಿಸಿ ಹೋಗುತ್ತಿದ್ದರು. ಮೂಲೆ ಮುರಿದದ್ದು, ನಡುವೆ ಸೀಳಿದ್ದು, ಖಣಿಯವರು ಕಾಲಿನಿಂದ ಒದ್ದು ಬಿಸಾಡಿದ್ದು. ನಬೀಸಾಬ ಆ ತುಂಡುಗಳನ್ನು ಒಂದಕ್ಕೊಂದು ಹೊಂದಿಸಿ ನೆಲ ಹಾಸಿದ. ನಮ್ಮ ಪಡಸಾಲೆ ರೊಟ್ಟಿಯಲ್ಲೇ ಹಾಸಿದ್ದು ಎಂದು ನಾನು ಅವ್ವನನ್ನು ಕಾಡುತ್ತಿದ್ದೆ. "ಹೌದವ್ವ, ಹಸಿವಾದ್ರ ನೆಲಾನೇ ಮುರಕೊಂಡು ತಿನ್ನು," ಎನ್ನುತ್ತಿದ್ದಳು. ಮನೆ ಎದ್ದು ನಿಂತ ಆ ಎರಡು ವರ್ಷ ಅವಳು ನಕ್ಕಷ್ಟು ಮತ್ತೆ ನಗಲಿಲ್ಲ.

ಮುರಿದ ತೊಲೆಗೆ ಬದಲು ಚಿಂಚೋಳಿ ಅಡವಿಯ ಸಾಗವಾನಿ ಬೇಕಾಯಿತು. ಅದಕ್ಕೆ ಕೊರಳಲ್ಲಿ ಮುಚ್ಚಿಟ್ಟುಕೊಂಡಿದ್ದ ಬಂಗಾರದ ಬೋರಮಾಳ ಹೋಯಿತು. ಜಂತಿ ಮೇಲೆ ಹಾಸುಗಲ್ಲು ಹೊದಿಸಿ, ಅದರ ಮೇಲೆ ಕರಲು ಮಣ್ಣು. ಹೊಳೆಯಾಚೆ ಸಿಗುವ ಆ ಬಿಳಿಮಣ್ಣು ನೀರು ಇಳಿಗೊಡುವುದಿಲ್ಲ. ಅಷ್ಟನ್ನೂ ಅವ್ವ ತಲೆಯ ಮೇಲೆ ಹೊತ್ತು ತಂದು, ಮಾಳಿಗೆ ಹತ್ತಿ, ಕಾಲಿನಿಂದ ತುಳಿದು ಗಟ್ಟಿ ಮಾಡಿದಳು. ನಬೀಸಾಬ ಕೆಳಗಿನಿಂದ ಕೂಗಿ ಹೇಳುತ್ತಿದ್ದ:

"ನೆನಪಿಡ್ರಿ ಬಾಯಿ, ವರ್ಷಾ ಮಿರಗದ ಮಳಿಗಿಂತ ಮೊದಲ ಹೊಸಾ ಮಣ್ಣ ಹಾಕಬೇಕು. ಒಂದ ವರ್ಷ ತಪ್ಪಿತಂದ್ರ ಈ ಮಾಳಿಗಿ ಕುಸದು ಕುಂದರ್ತದ."

ಕಡೆಗೆ ಬಾಣಂತಿ ಕೋಣೆ. ಗಾಳಿ ಬಾರದ ಮೂಲೆ ನೋಡಿ ಗೋಡೆ ಎಳೆಸಿದಳು, ಒಳಗೇ ಬಚ್ಚಲು ಮಾಡಿಸಿದಳು. ಇಡೀ ಮನೆಯಲ್ಲಿ ಒಡಕಿಲ್ಲದ ಫರಸಿ ಎಂದರೆ ಆ ಬಚ್ಚಲ ಕಲ್ಲು ಒಂದೇ. ಅದನ್ನು ಬೇಡಿ ತಂದಿರಲಿಲ್ಲ, ಕೊಂಡು ತಂದಿದ್ದಳು. ತನ್ನ ಮೊಮ್ಮಗುವಿಗೆ ನೀರು ಹಾಕುವ ಕಲ್ಲಿಗೆ ಸೀಳು ಇರಬಾರದು ಎಂದು ಅವಳ ಹಟ. ನಾನು ಬಸುರಿ ಎಂಬ ಸುದ್ದಿ ಬಂದ ದಿನ ಅದರ ಮೇಲೆ ಕಾಲು ಚಾಚಿ ಕೂತು, ಮಡಿಲಲ್ಲಿ ಕೂಸಿದ್ದಂತೆ ನೋಡಿಕೊಂಡಳಂತೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಬಾರದು ಅವ್ವಾ, ಯಾರೂ ನಿನಗೆ ಹೇಳಲಿಲ್ಲವೇ?

ಭೀಮಬಾಯಿ ನನ್ನನ್ನೂ ಕರೆದುಕೊಂಡು ಮನೆ ನೋಡಲು ಬಂದಳು. ಮಾಳಿಗೆ ನೋಡಿದಳು, ಬಾಣಂತಿ ಕೋಣೆ ನೋಡಿದಳು, ಬಚ್ಚಲ ಕಲ್ಲು ಸವರಿ ನೋಡಿದಳು. ಹೆಸರಿಡಲು ಒಂದು ಕೊಂಕೂ ಸಿಗಲಿಲ್ಲ.

"ಮನಿ ಭಾಳ ಛಲೋ ಮಾಡೀರಿ ಬೀಗತಿ. ಆದ್ರ ಗಂಡ ದಿಕ್ಕಿಲ್ಲದ ಮನಿ. ನಾಲ್ಕ ಮಂದಿ ನಮಗೇನಂತಾರ ಹೇಳ್ರಿ?"

ಅಲ್ಲಿಯೇ ಅವ್ವನ ಬುದ್ಧಿ ಕೆಟ್ಟಿತು. ನಮ್ಮಲ್ಲಿ ಮನೆ ಹೊಗುವ ದಿನ ಒಡೆಯನಾದವನು ಪಡಸಾಲೆಯಲ್ಲಿ ಕರಿಕಂಬಳಿಯ ಮೇಲೆ ಕೂತು, ಮಠದಯ್ಯನ ಪಾದಕ್ಕೆ ನೀರೆರೆದು, ಊರವರ ಎದುರು ತಲೆಗೆ ರುಮಾಲು ಸುತ್ತಿಸಿಕೊಳ್ಳಬೇಕು. ಆ ಕಂಬಳಿಯ ಮೇಲೆ ಭಾವನನ್ನು ಕೂರಿಸಿದರೆ ಬೀಗತಿಯ ಬಾಯಿ ಮುಚ್ಚುತ್ತದೆ, ಮಗಳು ಬರುತ್ತಾಳೆ ಎಂದು ಅವಳ ಲೆಕ್ಕ. ನಾನು ಬೇಡವೆಂದೆ.

"ನೀನೇ ಕುಂದ್ರವ್ವ. ಮಣ್ಣ ಹೊತ್ತಾಕಿ ನೀ."

"ಹುಚ್ಚಿ ಅದೀಯೇನು? ಗಂಡ ಸತ್ತಾಕಿ ಕಂಬಳಿ ಮ್ಯಾಲ ಕುಂತ್ರ ನಿಮ್ಮತ್ತಿ ನಿನ್ನ ಕಳಸ್ತಾಳೇನು?"

ನಮ್ಮದು ಶರಣರ ಧರ್ಮ. ಸೂತಕ ಇಲ್ಲ, ಹೆಣ್ಣು ಗಂಡೆಂಬ ಭೇದ ಇಲ್ಲ, ಕೊರಳಲ್ಲಿ ಲಿಂಗ ಇದ್ದವರೆಲ್ಲ ಒಂದೇ ಎಂದು ಮಠದಯ್ಯ ಶ್ರಾವಣದ ತುಂಬ ಹೇಳುತ್ತಾನೆ. ಅದೇ ಅಯ್ಯನನ್ನು ಕೇಳಿದರೆ, "ಗಂಡಸರು ಕುಂತ್ರ ಶೋಭಾ, ತಾಯಿ," ಎಂದ. ಶೋಭೆಯಂತೆ, ಶೋಭೆ! ದೊಡ್ಡಪ್ಪ ರೇಷ್ಮೆ ರುಮಾಲು ಸುತ್ತಿಸಿಕೊಂಡು ಕಂಬಳಿಯ ಮೇಲೆ ಕೂತ. ಅವ್ವ ಅಡುಗೆಮನೆಯ ಬಾಗಿಲ ಹಿಂದೆ ನಿಂತು, ಸಂದಿಯಿಂದ ತನ್ನ ಮನೆಯ ಪೂಜೆ ನೋಡಿದಳು. ಕಣ್ಣಲ್ಲಿ ನೀರು. ಸಂತೋಷದ್ದು, ಹಾಳಾದದ್ದು.

ದೊಡ್ಡಪ್ಪನ ಮಗಳು ಲಲಿತಾಬಾಯಿಯೂ ಆಗ ಬಸುರಿ, ನನಗಿಂತ ಮುಂಚೆಯೇ ದಿನ ತುಂಬುವವಳು. ಅವಳನ್ನು ಶಹಾಬಾದಿನಿಂದ ಕರೆತಂದ ಬಂಡಿ ದೊಡ್ಡಪ್ಪನ ಮನೆಯ ಮುಂದೆ ನಿಲ್ಲಲಿಲ್ಲ. ಸೀದಾ ಓಣಿಯ ಕೊನೆಗೆ ಹೋಗಿ ನಿಂತಿತು. ದೊಡ್ಡಪ್ಪ ಹಾಸಿಗೆ ಇಳಿಸಿ ಒಳಗೆ ಇಡಿಸುತ್ತಿದ್ದ.

"ಗಾಳಿ ಬರಂಗಿಲ್ಲ, ಒಳಗೇ ಬಚ್ಚಲದ. ಬಾಣಂತಿಗಿ ಇದಕ್ಕಿಂತ ಛಲೋ ಜಾಗ ಎಲ್ಲದ ಸೂಗಮ್ಮ?"

ಅವ್ವ ಜೀವಮಾನದಲ್ಲಿ ಮೊದಲ ಸಲ ಅವನ ಎದುರು ದನಿ ಎತ್ತಿದಳು. "ಇದು ನನ್ನ ಮಗಳು ಗುರುಲಿಂಗಿಗಿ ಮಾಡಿದ ಕ್ವಾಣಿ ಭಾವಾ. ಮನಿ ನಂಗ ಕೊಟ್ಟೀನಂದಿದ್ರಿ."

"ನಾ ಕೊಟ್ಟೀನಂದಿದ್ದು ಹಾಳಮನಿ. ಇದು ಹಾಳಮನಿ ಹ್ಯಾಂಗಾಯ್ತು?"

ಅದಕ್ಕೂ ನಕ್ಕರಂತೆ ಜನ. ಅವರ ನಗೆಗೆ ಬೆಂಕಿ ಹತ್ತಲಿ.

ಅವ್ವ ಪಂಚರನ್ನು ಕೂಡಿಸಿದಳು. ಪಟೇಲರ ಕಟ್ಟೆಯಲ್ಲಿ ಸೇರಿದ ಹಿರಿಯರು ಯಾರು ಮಣ್ಣು ಹೊತ್ತರು ಎಂದು ಕೇಳಲಿಲ್ಲ, ಯಾರ ಬೋರಮಾಳ ಹೋಯಿತು ಎಂದೂ ಕೇಳಲಿಲ್ಲ. ಕೇಳಿದ್ದು ಒಂದೇ ಮಾತು.

"ಮನಿ ಹೊಕ್ಕ ದಿನ ಕಂಬಳಿ ಮ್ಯಾಲ ಕುಂತವ್ರ್ಯಾರು?"

ಮಠದಯ್ಯ ಗಂಟಲು ಸರಿಮಾಡಿಕೊಂಡ. "ಅಮೃತಪ್ಪನವ್ರು. ರುಮಾಲ ನಾನೇ ಸುತ್ತೀನಿ."

ನಬೀಸಾಬ ಹಿಂದೆ ನಿಂತಿದ್ದವನು ಮುಂದೆ ಬಂದ. "ಖುದಾ ಕಸಂ ರೀ, ಈ ಬಾಯಿ ಕೈಯಾಗ ಎದ್ದ ಮನಿ ಅದು. ನಾ ಕಣ್ಣಾರೆ ನೋಡೀನಿ."

"ಸಾಬ, ನಿಮಗ ನಮ್ಮ ಪದ್ಧತಿ ತಿಳ್ಯಂಗಿಲ್ಲ. ಸುಮ್ಕ ಕುಂದ್ರಿ."

ಮುಗಿಯಿತು. ಗೆದ್ದಲು ಕಟ್ಟಿದ ಹುತ್ತದಲ್ಲಿ ಹಾವು ಸೇರಿತು, ಊರೇ ನಿಂತು ಹಾವಿಗೆ ಹಾಲೆರೆಯಿತು.

ಸುದ್ದಿ ರೈಲಿಗಿಂತ ಮುಂಚೆ ನಾಲವಾರ ಮುಟ್ಟಿತು. ಸೀಮಂತದ ಕುಬಸ ಮಾಡಿ ನನ್ನನ್ನು ಕರೆದೊಯ್ಯಲು ಬರಬೇಕಾದ ತಿಂಗಳಲ್ಲಿ ಅವ್ವ ಬರಲಿಲ್ಲ, ಬರುವ ಮುಖ ಇರಲಿಲ್ಲ. ಭೀಮಬಾಯಿ ಕೇರಿಯ ಹೆಂಗಸರಿಗೆಲ್ಲ ಹೇಳಿದಳು: "ನನ್ನ ಸೊಸಿಗಿ ತವರ ಇಲ್ಲವ್ವ. ಅದ ಅಂತಂದಿದ್ರು, ಅದೂ ಅವರ ಭಾವಂದಂತ." ನನಗೆ ಅತ್ತೆಯ ಮನೆಯಲ್ಲಿ ಕಣಕಿ ಮೇವು ಒಟ್ಟುವ ಕೋಣೆಯಲ್ಲಿ ಹೆರಿಗೆಯಾಯಿತು, ಹೆಣ್ಣು ಕೂಸು. ಅವ್ವ ವಾಡಿಯಲ್ಲಿ ರೈಲು ಹಿಡಿದು ಬಂದಳು, ಸೆರಗಿನಲ್ಲಿ ಅಂಟಿನುಂಡೆ ಕಟ್ಟಿಕೊಂಡು. ಮೂರು ದಿನ ನನ್ನ ಕೂಸಿಗೆ ನೀರು ಹಾಕಿದಳು. ಬೀಗರ ಮನೆಯಲ್ಲಿ ಅದಕ್ಕಿಂತ ಹೆಚ್ಚು ನಿಲ್ಲುವಂತಿರಲಿಲ್ಲ. ಮತ್ತೆ ಊರಿಗೆ ಹೋಗಿ ಲಲಿತಾಬಾಯಿಯ ಕೂಸಿಗೆ ನೀರು ಹಾಕಬೇಕಿತ್ತು, ಆ ಒಡಕಿಲ್ಲದ ಕಲ್ಲಿನ ಮೇಲೆ ಕೂತು. ಯಾಕೆಂದರೆ ಉಣ್ಣುವುದು ದೊಡ್ಡಪ್ಪನ ಅನ್ನ, ಮತ್ತು ಕೂಸುಗಳಿಗೆ ನೀರು ಹಾಕುವುದರಲ್ಲಿ ನಮ್ಮ ಅವ್ವನ ಕೈ ಊರಿಗೇ ಹೆಸರಾದದ್ದು.

ಇಷ್ಟಕ್ಕೇ ಮುಗಿದಿದ್ದರೆ ನಾನು ಅವ್ವನ ಮೇಲೆ ಅಷ್ಟು ಸಿಟ್ಟಾಗುತ್ತಿರಲಿಲ್ಲ. ಲಲಿತಾಬಾಯಿ ಗಂಡನ ಸಮೇತ ಅಲ್ಲಿಯೇ ಉಳಿದಳು. ದೊಡ್ಡಪ್ಪ ಅವಳಿಗೇ ಆ ಮನೆ ಬಿಟ್ಟುಕೊಟ್ಟ. ಅವ್ವನಾದರೋ ಪ್ರತಿ ವರ್ಷ ಮಿರಗಕ್ಕೆ ಮುಂಚೆ ಹೊಳೆಯಾಚೆಯಿಂದ ಕರಲು ಮಣ್ಣು ಹೊತ್ತು ಆ ಮನೆಯ ಮಾಳಿಗೆ ಹತ್ತುತ್ತಿದ್ದಳು! ಯಾರೂ ಹೇಳಿರಲಿಲ್ಲ, ಯಾರೂ ಬೇಡ ಎನ್ನಲೂ ಇಲ್ಲ. ಒಮ್ಮೆ ನಾನು ಅಲ್ಲಿದ್ದಾಗಲೇ ಹತ್ತಿದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು, ಏಣಿ ಮೆಟ್ಟಿಲಿಗೊಮ್ಮೆ ನಿಂತು ಉಸಿರು ತೆಗೆಯುತ್ತಿದ್ದಳು. ನಾನು ಓಣಿ ಕೇಳುವಂತೆ ಚೀರಿದೆ.

"ನಿನಗ ನಾಚಿಕಿ ಇಲ್ಲೇನವ್ವ? ಬೀಳ್ಲಿ ಬಿಡು ಅವರ ತಲಿ ಮ್ಯಾಲ!"

"ಹಂಗನಬ್ಯಾಡ. ಒಳಗ ಕೂಸುಗೋಳ ಮಲಗ್ಯಾವ," ಎಂದಳು. ಮೇಲೆ ಹತ್ತಿ, ಮಣ್ಣು ತುಳಿಯುತ್ತಲೇ, "ನಾ ಹಾಕಿದ ತೊಲಿ ಅದ ಗುರುಲಿಂಗಿ. ಹಸಿ ಆದ್ರ ನಂಗ ನಿದ್ದಿ ಬರಂಗಿಲ್ಲ," ಎಂದಳು.

ನಾನು ಅವಳೊಂದಿಗೆ ಮಾತಾಡದೆ ನಾಲವಾರಕ್ಕೆ ಹೋದೆ.

ರಜಾಕಾರರ ಗದ್ದಲದ ವರ್ಷ, ಬೇಸಿಗೆಯಲ್ಲಿ, ಅವ್ವ ಸತ್ತಳು. ದೊಡ್ಡಪ್ಪನ ಮನೆಯ ಹಿತ್ತಲ ಕೋಣೆಯಲ್ಲೇ. ಆ ವರ್ಷ ಮಾಳಿಗೆಗೆ ಮಣ್ಣು ಬೀಳಲಿಲ್ಲ. ಯಾರಿಗೂ ಹೊಳೆಯಲೇ ಇಲ್ಲ. ಮಾಳಿಗೆ ತನ್ನಷ್ಟಕ್ಕೆ ತಾನೇ ಸೋರದೆ ಇರುತ್ತದೆ ಎಂದುಕೊಂಡಿದ್ದರೋ ಏನೋ. ಶ್ರಾವಣದ ಮಳೆಗೆ ತೊಲೆ ನೆನೆಯಿತು, ಭಾದ್ರಪದದಲ್ಲಿ ಮಾಳಿಗೆ ಕೂತಿತು. ಪುಣ್ಯಕ್ಕೆ ಒಳಗೆ ಯಾರೂ ಇರಲಿಲ್ಲ. ಅದೇ ದಿನಗಳಲ್ಲಿ ನಿಜಾಮನ ರಾಜ್ಯವೂ ಬಿತ್ತು. ಜನ ಅದನ್ನೇ ಹೇಳುತ್ತಾರೆ, ನನಗೆ ನೆನಪಿರುವುದು ಇದು.

ದೀಪಾವಳಿ ಕಳೆದು, ರೈಲು ಬಂಡಿ ಸರಿಯಾಗಿ ಓಡತೊಡಗಿದ ಮೇಲೆ ದೊಡ್ಡಪ್ಪ ನನ್ನನ್ನು ಕರೆಸಿದ. ಲಲಿತಾಬಾಯಿ ಸಂಸಾರ ಕಟ್ಟಿಕೊಂಡು ಶಹಾಬಾದಿಗೆ ಹೋಗಿದ್ದಳು. ನಾನು ಒಬ್ಬಳೇ ಓಣಿಯ ಕೊನೆಗೆ ಹೋಗಿ ನೋಡಿದೆ. ಅರ್ಧ ಮಾಳಿಗೆ ಒಳಗೆ, ಅವ್ವ ಹೊತ್ತ ಮಣ್ಣೆಲ್ಲ ಪಡಸಾಲೆಯಲ್ಲಿ. ಬಾಣಂತಿ ಕೋಣೆಯಲ್ಲಿ ಕೈಯಿಂದ ಮಣ್ಣು ಸರಿಸಿದೆ. ಬಚ್ಚಲ ಕಲ್ಲಿಗೆ ಆಗಲೂ ಒಂದು ಸೀಳೂ ಇರಲಿಲ್ಲ. ನನ್ನ ಮಗಳು ಅಷ್ಟೊತ್ತಿಗೆ ಬೆಳೆದು ನಿಂತಿದ್ದಳು, ಆ ಕಲ್ಲು ಅವಳ ಎಣ್ಣೆನೀರು ಕಂಡಿರಲಿಲ್ಲ.

ದೊಡ್ಡಪ್ಪ ಹಿಂದಿನಿಂದ ಕೋಲೂರಿಕೊಂಡು ಬಂದ. ಮುದಿಯಾಗಿದ್ದ. ಎಲೆಗೆ ಸುಣ್ಣ ಹಚ್ಚುವ ಬೆರಳು ಮಾತ್ರ ಹಾಗೆಯೇ ಇತ್ತು.

"ನಿಮ್ಮವ್ವ ಭಾಳ ಆಸಿ ಮಾಡಿದ್ದಳು. ಬೇಕಾದ್ರ ಆ ಹಾಳಮನಿ ತಗೋವ್ವ. ನಂದೇನೂ ತಕರಾರಿಲ್ಲ."

ನಾನು ಅವನ ಕಾಲು ಮುಟ್ಟಲಿಲ್ಲ.

"ಕಂಬಳಿ ಮ್ಯಾಲ ಕುಂತವ್ರು ನೀವು ದೊಡ್ಡಪ್ಪ. ಮಾಳಿಗಿ ಮ್ಯಾಲೂ ನೀವೇ ಹತ್ರಿ," ಎಂದೆ.

ಹೇಳಿದರೆ ಎದೆ ತಣ್ಣಗಾಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ. ವಾಡಿಯಿಂದ ನಾಲವಾರದ ತನಕ ರೈಲಿನಲ್ಲಿ ಅಳುತ್ತ ಹೋದೆ, ಉಗುರಲ್ಲಿ ಅವ್ವನ ಮಣ್ಣು ಹಾಗೇ ಇತ್ತು.